ಸ್ಪ್ರಿಂಕ್ಲರ್ ಎಂಜಿನ್ ಬಲ್ಲವರಿಗೆ ಸಮುದ್ರದ ಎಂಜಿನ್: ಓದುಗರ ಪ್ರಶ್ನೆಗಳಿಗೆ ಉತ್ತರ

ಕೊಡಗಿಗೆ ಕಡಲಿಲ್ಲ. ಆದರೂ ಮೀನುಗಾರಿಕೆ ಬೋಟಿನ ಎಂಜಿನ್ ಕೆಲಸದ ಬಗ್ಗೆ ಈ ಬಾರಿ ಐದು ಪ್ರಶ್ನೆಗಳು ಬಂದಿವೆ. ಸಂಪಾಜೆ ಘಟ್ಟ ಇಳಿದರೆ ಮಂಗಳೂರು ಧಕ್ಕೆ ಅಷ್ಟೇನೂ ದೂರವಲ್ಲವಲ್ಲ!

ಪ್ರಶ್ನೆ: ಐಟಿಐ ಡೀಸೆಲ್ ಮೆಕ್ಯಾನಿಕ್ ಮುಗಿಸಿ ಒಂಬತ್ತು ವರ್ಷದಿಂದ ಕಾಫಿ ತೋಟಗಳ ಸ್ಪ್ರಿಂಕ್ಲರ್ ಎಂಜಿನ್, ಜನರೇಟರ್ ರಿಪೇರಿ ಮಾಡುತ್ತಿದ್ದೇನೆ. ಮಂಗಳೂರಿನ ಭಾವ ಬೋಟಿಗೆ ಕರೆಯುತ್ತಿದ್ದಾರೆ. ನನಗೆ ಗೊತ್ತಿರುವುದು ಸಾಕೇ? ಚೀಫ್ ಎಂಜಿನಿಯರ್ ಆಗಲು ಯಾವ ಸರ್ಟಿಫಿಕೇಟ್ ಬೇಕು? — ಸುಂಟಿಕೊಪ್ಪ

ಅರ್ಧ ಸಾಕು. ಏರ್ ಹಿಡಿದ ಡೀಸೆಲ್ ಲೈನ್ ಬಿಡಿಸುವುದು, ನಾಝಲ್ ಪರೀಕ್ಷೆ, ಟ್ಯಾಪೆಟ್ ಸೆಟ್ಟಿಂಗ್ ಎಲ್ಲ ಅಲ್ಲಿಯೂ ಅದೇ. ಬದಲಾಗುವುದು ಮೂರು. ಬಲೆ ಎಳೆಯುವಾಗ ಬೋಟು 3 ನಾಟ್ (ಗಂಟೆಗೆ ಐದೂವರೆ ಕಿ.ಮೀ.) ಆಸುಪಾಸಿನಲ್ಲಿ ಗಂಟೆಗಟ್ಟಲೆ ಹೆಚ್ಚುಕಡಿಮೆ ಪೂರ್ತಿ ಲೋಡಿನಲ್ಲಿ ಓಡುತ್ತದೆ. ತಂಪು ಮಾಡುವ ನೀರು ಉಪ್ಪುನೀರು. ಇನ್ನು ಕೆಟ್ಟರೆ ಜೀಪಿನಲ್ಲಿ ಸ್ಪೇರ್ ತರಿಸಲು ಆಗುವುದಿಲ್ಲ, ಹಡಗಿನಲ್ಲಿ ಏನಿದೆಯೋ ಅಷ್ಟರಲ್ಲೇ ಮುಗಿಸಬೇಕು.

ಹೆಸರಿನ ಗೊಂದಲ ಮೊದಲು ಬಿಡಿಸೋಣ. ಮಂಗಳೂರು, ಮಲ್ಪೆಯ ಟ್ರಾಲ್ ಬೋಟುಗಳಲ್ಲಿ ತಾಂಡೇಲರೇ ಯಜಮಾನರು. ಎಂಜಿನ್ ನೋಡುವವರನ್ನು ಡ್ರೈವರ್ ಎನ್ನುವುದು ರೂಢಿ. ಚೀಫ್ ಎಂಜಿನಿಯರ್ ಎಂಬ ಹುದ್ದೆ ಸಿಗುವುದು ಫಿಶರಿ ಸರ್ವೆ ಆಫ್ ಇಂಡಿಯಾದಂಥ ಸಂಸ್ಥೆಯ ಹಡಗುಗಳಲ್ಲಿ, ದೊಡ್ಡ ಆಳಸಮುದ್ರ ಹಡಗುಗಳಲ್ಲಿ, ವಿದೇಶಿ ಟ್ರಾಲರ್‌ಗಳಲ್ಲಿ. ಮೀನುಗಾರಿಕೆ ಹಡಗಿನ ಸಿಬ್ಬಂದಿ ತರಬೇತಿಗಿರುವ 1995ರ ಅಂತರರಾಷ್ಟ್ರೀಯ ಒಪ್ಪಂದ ಚೀಫ್ ಎಂಜಿನಿಯರ್ ಅರ್ಹತೆಯನ್ನು ಹೇಳುವುದು 750 ಕಿಲೋವ್ಯಾಟ್ ಅಥವಾ ಅದಕ್ಕೂ ಮೇಲಿನ ಎಂಜಿನ್‌ಗೆ, ಅಂದರೆ ಸುಮಾರು 1,000 ಎಚ್‌ಪಿಗೆ.

ನಮ್ಮಲ್ಲಿ ಮೆಟ್ಟಿಲು ಎರಡು: ಮೊದಲು ಮೀನುಗಾರಿಕೆ ಹಡಗಿನ ಎಂಜಿನ್ ಡ್ರೈವರ್, ಆಮೇಲೆ ಮೀನುಗಾರಿಕೆ ಹಡಗಿನ ಎಂಜಿನಿಯರ್. ಎರಡೂ ಕೇಂದ್ರ ಸರ್ಕಾರದ ಹಡಗು ಮಹಾನಿರ್ದೇಶನಾಲಯದ (ಡಿಜಿ ಶಿಪ್ಪಿಂಗ್) ಅಧೀನದ ಮರ್ಕಂಟೈಲ್ ಮೆರೈನ್ ಡಿಪಾರ್ಟ್‌ಮೆಂಟ್‌ನ ಪರೀಕ್ಷೆಗಳು. ಐಟಿಐ ಸರ್ಟಿಫಿಕೇಟ್ ಇವುಗಳ ಜಾಗಕ್ಕೆ ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗರಿಗಾದರೆ ಕೇಂದ್ರ ಸರ್ಕಾರದ ಮೀನುಗಾರಿಕೆ ತರಬೇತಿ ಸಂಸ್ಥೆಯಾದ ಕೊಚ್ಚಿಯ ಸಿಫ್ನೆಟ್‌ನ ಎರಡು ವರ್ಷದ ಮೆರೈನ್ ಫಿಟ್ಟರ್ ಕೋರ್ಸ್ ನೇರ ದಾರಿ. ವಯಸ್ಸು, ಅಂಕದ ಷರತ್ತನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ. ಸಮುದ್ರದಲ್ಲಿ ಕಳೆದ ದಿನಗಳಿಗೆ ಲಿಖಿತ ದಾಖಲೆ ಮೊದಲ ದಿನದಿಂದಲೇ ಮಾಡಿಸಿಕೊಳ್ಳಿ. ಬಾಯಿಮಾತಿನ ಸರ್ವಿಸ್ ಪರೀಕ್ಷೆಗೆ ಲೆಕ್ಕಕ್ಕಿಲ್ಲ.

ನಿಮಗೊಂದು ಅನುಕೂಲವಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ. ಎಂಜಿನ್ ಬಿಚ್ಚುವ ಕೆಲಸ ನಡೆಯುವುದು ಆಗಲೇ. ಕೊಡಗಿನಲ್ಲಿ ಮಳೆ ಜಡಿಯುವಾಗ ತೋಟದ ಪಂಪುಗಳಿಗೂ ರಜೆ. ಬೋಟು ಹತ್ತುವ ಮೊದಲು ಆ ಎರಡು ತಿಂಗಳು ಧಕ್ಕೆಯ ವರ್ಕ್‌ಶಾಪಿನಲ್ಲಿ ಕೈ ಹಾಕಿ. ಉಪ್ಪುನೀರಿನಿಂದ ಎಂಜಿನ್ ಒಳಗಿನ ನೀರನ್ನು ತಣಿಸುವ ಒಂದು ಹೀಟ್ ಎಕ್ಸ್‌ಚೇಂಜರ್, ಒಂದು ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿದವರಿಗೂ ಬರೀ ನೋಡಿದವರಿಗೂ ಬಹಳ ವ್ಯತ್ಯಾಸವಿದೆ.

ಪ್ರಶ್ನೆ: ತಮ್ಮನ ಬೋಟಿನಲ್ಲಿ ಬಲೆ ಎಳೆಯುವಾಗ ಮಾತ್ರ ಎಂಜಿನ್ ಟೆಂಪರೇಚರ್ 95 ದಾಟುತ್ತದೆ. ಖಾಲಿ ಓಡುವಾಗ 80ರಲ್ಲೇ ಇರುತ್ತದೆ. ಥರ್ಮೋಸ್ಟಾಟ್ ತೆಗೆದುಹಾಕಿದರೂ ಸರಿಹೋಗಲಿಲ್ಲ. ಏನು ಕಾರಣ? — ಗೋಣಿಕೊಪ್ಪ

ಮೊದಲು ಥರ್ಮೋಸ್ಟಾಟ್ (ಬಿಸಿ ನೋಡಿ ನೀರಿನ ದಾರಿ ತೆರೆದು ಮುಚ್ಚುವ ವಾಲ್ವ್) ವಾಪಸ್ ಹಾಕಿಸಿ. ಬೈಪಾಸ್ ಇರುವ ಎಂಜಿನ್‌ನಲ್ಲಿ ಅದನ್ನು ತೆಗೆದರೆ ಬೈಪಾಸ್ ದಾರಿ ಸದಾ ತೆರೆದೇ ಇರುತ್ತದೆ. ಸ್ವಲ್ಪ ನೀರು ತಣ್ಣಗಾಗದೆ ಹಾಗೇ ಸುತ್ತಿ ಬರುತ್ತದೆ, ಬಿಸಿ ಇನ್ನೂ ಹೆಚ್ಚುತ್ತದೆ. ರಸ್ತೆಬದಿಯ ಈ ಮದ್ದು ಲಾರಿಯಿಂದ ಬೋಟಿಗೆ ಹತ್ತಿದ್ದು, ಬಿಟ್ಟುಬಿಡಿ.

ಲೋಡಿನಲ್ಲಿ ಮಾತ್ರ ಬಿಸಿ ಎಂದರೆ ಉಪ್ಪುನೀರು ಸಾಲುತ್ತಿಲ್ಲ, ಇಲ್ಲವೇ ನೀರಿದ್ದರೂ ಬಿಸಿ ದಾಟುತ್ತಿಲ್ಲ, ಅಥವಾ ಎಂಜಿನ್ ಮೇಲೆ ಅದರ ಶಕ್ತಿಗೆ ಮೀರಿದ ಭಾರ ಬಿದ್ದಿದೆ. ಯಾವುದು ಎಂದು ತಿಳಿಯಲು ಅಳತೆಯ ದಾರಿಯಿದೆ. ಮುಟ್ಟದೆ ದೂರದಿಂದಲೇ ಅಳೆಯುವ ಇನ್ಫ್ರಾರೆಡ್ ಥರ್ಮಾಮೀಟರ್ ತೆಗೆದುಕೊಂಡು, ಬಲೆ ಎಳೆಯುತ್ತಿರುವಾಗಲೇ ಹೀಟ್ ಎಕ್ಸ್‌ಚೇಂಜರ್‌ಗೆ ಉಪ್ಪುನೀರು ಒಳಹೋಗುವ ಪೈಪು, ಹೊರಬರುವ ಪೈಪು ಎರಡನ್ನೂ ಅಳೆಯಿರಿ. ಹೊಳೆಯುವ ಲೋಹದ ಮೇಲೆ ಅದು ತಪ್ಪು ತೋರಿಸುತ್ತದೆ. ಅಳೆಯುವ ಜಾಗಕ್ಕೆ ಕಪ್ಪು ಟೇಪ್ ಸುತ್ತಿ. ಒಳಗೆ 29, ಹೊರಗೆ 50ರ ಹಾಗೆ ದೊಡ್ಡ ಅಂತರ ಬಂದರೆ ನೀರು ಕಡಿಮೆ ಬರುತ್ತಿದೆ. ಬಂದಷ್ಟು ನೀರೇ ಎಲ್ಲ ಬಿಸಿಯನ್ನೂ ಹೊರುತ್ತಿದೆ. ಒಳಗೆ 29, ಹೊರಗೆ 33, ಆದರೂ ಎಂಜಿನ್ ನೀರು 95 ಎಂದರೆ ನೀರು ಸಾಕಷ್ಟಿದೆ, ಟ್ಯೂಬಿನ ಒಳಮೈಗೆ ಉಪ್ಪಿನ ಪದರ ಕಟ್ಟಿದೆ, ಬಿಸಿ ದಾಟುತ್ತಿಲ್ಲ. ನಿಮ್ಮ ಎಂಜಿನ್‌ನ ಸರಿಯಾದ ಅಂತರ ಎಷ್ಟು ಎಂಬುದನ್ನು ಎಲ್ಲವೂ ಚೆನ್ನಾಗಿದ್ದ ದಿನ ಬರೆದಿಟ್ಟುಕೊಂಡಿದ್ದರೆ ಹೋಲಿಕೆ ಇನ್ನೂ ಸುಲಭ.

ನೀರು ಕಡಿಮೆ ಎಂದಾದರೆ ಸಕ್ಷನ್ ಕಡೆಯಿಂದ ಬನ್ನಿ. ತೋಟದಲ್ಲಿ ಫುಟ್‌ವಾಲ್ವ್ ಕಸ ಕಟ್ಟಿದಾಗ ಹುಡುಕುವಂತೆಯೇ. ಕಸ ಸೋಸುವ ಸ್ಟ್ರೈನರ್ ಬುಟ್ಟಿಯಲ್ಲಿ ಪ್ಲಾಸ್ಟಿಕ್ ಹಾಳೆ, ಲೋಳೆಮೀನು ಸಿಕ್ಕಿಕೊಂಡಿರುತ್ತದೆ. ಅದರ ಮುಚ್ಚಳದ ರಬ್ಬರ್ ಸಡಿಲಾಗಿದ್ದರೆ ನೀರಿನ ಜೊತೆ ಗಾಳಿ ಎಳೆಯುತ್ತದೆ. ಹೆಚ್ಚಿನವರ ಕಣ್ಣಿಗೆ ಬೀಳದ್ದು ಹೋಸ್‌ಪೈಪು. ಒಳಗೆ ತಂತಿಯಿಲ್ಲದ ಹಳೇ ಹೋಸ್ ಐಡಲ್‌ನಲ್ಲಿ ದುಂಡಗಿರುತ್ತದೆ, ಆರ್‌ಪಿಎಂ ಏರಿದಾಗ ಎಳೆತಕ್ಕೆ ಚಪ್ಪಟೆಯಾಗುತ್ತದೆ. ಎಂಜಿನ್ ನಿಲ್ಲಿಸಿ ನೋಡಿದರೆ ಮತ್ತೆ ದುಂಡಗೆ! ಹಾಗಾಗಿ ಓಡುವಾಗಲೇ ಟಾರ್ಚ್ ಬಿಟ್ಟು ನೋಡಿ.

ಆಮೇಲೆ ಉಪ್ಪುನೀರು ಪಂಪಿನ ಒಳಗೆ ತಿರುಗಿ ನೀರು ತಳ್ಳುವ ರಬ್ಬರ್ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್. ನೀರಿಲ್ಲದೆ ಒಂದು ನಿಮಿಷ ತಿರುಗಿದರೂ ಅದು ಹಾಳು. ಹೊರತೆಗೆದು ರೆಕ್ಕೆ ಎಣಿಸಿ. ಒಂದು ಕಡಿಮೆಯಿದ್ದರೆ ಹೊಸದು ಹಾಕಿ ಕೈ ತೊಳೆದುಕೊಳ್ಳಬೇಡಿ. ಮುರಿದ ರೆಕ್ಕೆ ಎಕ್ಸ್‌ಚೇಂಜರಿನ ಬಾಯಲ್ಲಿ ಕೂತಿರುತ್ತದೆ, ಅಲ್ಲಿಂದ ತೆಗೆಯುವವರೆಗೆ ಕೆಲಸ ಮುಗಿದಿಲ್ಲ. ಉಪ್ಪುನೀರಿಗೆ ಉಳಿದ ಲೋಹದ ಬದಲು ತಾನು ಸವೆಯಲೆಂದು ಹಾಕಿರುವ ಜಿಂಕ್ ಪೆನ್ಸಿಲ್ ಮುರಿದ ಚೂರುಗಳೂ ಅಲ್ಲೇ ಸಿಗುತ್ತವೆ. ಜಿಂಕ್ ಅರ್ಧ ಸವೆದಾಗಲೇ ಬದಲಿಸಿ. ಇಂಪೆಲ್ಲರ್ ಕೂರಿಸುವಾಗ ಗ್ಲಿಸರಿನ್ ಇಲ್ಲವೇ ಸೋಪುನೀರು ಹಚ್ಚಿ, ಗ್ರೀಸ್ ಬೇಡ. ಗ್ರೀಸಿಗೆ ರಬ್ಬರ್ ಉಬ್ಬುತ್ತದೆ. ಸ್ಪೇರ್ ಎರಡಿರಲಿ, ಗ್ಯಾಸ್ಕೆಟ್ ಸಮೇತ.

ಇವೆಲ್ಲ ಸರಿಯಿದ್ದೂ ಕಪ್ಪುಹೊಗೆ ಬರುತ್ತಿದ್ದರೆ, ಪೂರ್ತಿ ಆಕ್ಸಿಲರೇಟರ್ ಕೊಟ್ಟರೂ ಎಂಜಿನ್ ತನ್ನ ಆರ್‌ಪಿಎಂ ಮುಟ್ಟದಿದ್ದರೆ ಭಾರ ಹೆಚ್ಚಾಗಿದೆ ಎಂದರ್ಥ. ದೊಡ್ಡ ಬಲೆ, ರೆಕ್ಕೆಯ ಓರೆ (ಪಿಚ್) ಹೆಚ್ಚಿರುವ ಫ್ಯಾನ್ (ಬೋಟನ್ನು ತಳ್ಳುವ ಪ್ರೊಪೆಲ್ಲರ್), ಫ್ಯಾನಿಗೆ ಸುತ್ತಿದ ಹಗ್ಗ, ಚಿಪ್ಪು ಕಟ್ಟಿದ ಬೋಟಿನ ತಳ, ಯಾವುದೂ ಆಗಬಹುದು. ಎಂಜಿನ್ ನೀರು ತುಂಬುವ ಹೆಡರ್ ಟ್ಯಾಂಕಿನಲ್ಲಿ ನಿಲ್ಲದೆ ಗುಳ್ಳೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನಪಡಿ.

ಟೆಂಪರೇಚರ್ ಮುಳ್ಳು ಏರಿದ ಆ ಕ್ಷಣ ಎಂಜಿನ್ ತಟ್ಟನೆ ನಿಲ್ಲಿಸಬೇಡಿ. ಹಿಂದೆ ಬಲೆಯಿದೆ. ಬೋಟು ನಿಂತರೆ ರೋಪು ಸಡಿಲಾಗಿ ಫ್ಯಾನಿನ ಕಡೆ ಬರುತ್ತದೆ. ತಾಂಡೇಲರಿಗೆ ಹೇಳಿ ವೇಗ ಇಳಿಸಿ, ಲೋಡ್ ಬಿಡಿಸಿ, ನಾಲ್ಕೈದು ನಿಮಿಷ ಐಡಲ್‌ನಲ್ಲಿ ಓಡಿಸಿ. ಆಯಿಲ್ ಪ್ರೆಷರ್ ಬಿದ್ದರೆ, ಅಥವಾ ನೀರು ಪೂರ್ತಿ ಹೋಗಿದ್ದರೆ ಮಾತ್ರ ಕೂಡಲೇ ನಿಲ್ಲಿಸಿ. ಹೆಡರ್ ಟ್ಯಾಂಕಿನ ಮುಚ್ಚಳ ಕೈಗೆ ತಾಳುವಷ್ಟು ತಣ್ಣಗಾಗುವವರೆಗೆ ತೆರೆಯಬೇಡಿ.

ಪ್ರಶ್ನೆ: ಡೀಸೆಲ್ ಎಷ್ಟು ಬೇಕೆಂದು ಚೀಫ್ ಎಂಜಿನಿಯರ್ ಹೇಗೆ ಲೆಕ್ಕ ಹಾಕುತ್ತಾರೆ? — ಡಿಪ್ಲೊಮಾ ವಿದ್ಯಾರ್ಥಿ, ಕುಶಾಲನಗರ

ಒಂದು ಕಿಲೋವ್ಯಾಟ್ ಶಕ್ತಿಯನ್ನು ಒಂದು ಗಂಟೆ ಪಡೆಯಲು ಸುಮಾರು ಕಾಲು ಲೀಟರ್ ಡೀಸೆಲ್ ಎಂದಿಟ್ಟುಕೊಳ್ಳಿ. 300 ಕಿಲೋವ್ಯಾಟ್ ಎಂಜಿನ್ ಸರಾಸರಿ 70 ಶೇಕಡಾ ಲೋಡಿನಲ್ಲಿ ಓಡಿದರೆ 210 ಕಿಲೋವ್ಯಾಟ್, ಗಂಟೆಗೆ 52 ಲೀಟರಿನಷ್ಟು. 10 ದಿನ, ದಿನಕ್ಕೆ 20 ಗಂಟೆ ಓಡಿಸಿದರೆ 10,400 ಲೀಟರ್. ಇದಕ್ಕೆ ಜನರೇಟರಿನದ್ದು ಸೇರಿಸಿ, ಮೇಲೆ ಐದನೇ ಒಂದು ಪಾಲು ಆಪತ್ತಿಗೆ ಇಟ್ಟುಕೊಳ್ಳಿ. ಟ್ಯಾಂಕಿನ ತಳದ ಡೀಸೆಲ್ ಲೆಕ್ಕಕ್ಕೆ ಹಿಡಿಯಬೇಡಿ, ಅದರಲ್ಲಿ ನೀರು, ಕೆಸರು ಇರುತ್ತದೆ. ದಿನಾ ಬೆಳಿಗ್ಗೆ ಗಾಜಿನ ಬಾಟಲಿಗೆ ಸ್ವಲ್ಪ ಡ್ರೈನ್ ಮಾಡಿ ನೋಡುವುದು ಎಂಜಿನಿಯರ್ ಕೆಲಸಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದು.

ಮೀನು ಹಿಡಿಯುವ ಜಾಗಕ್ಕೆ ಹೋಗಿ ಬರುವಾಗ ಫ್ಯಾನಿಗೆ ಬೇಕಾಗುವ ಶಕ್ತಿ ಆರ್‌ಪಿಎಂನ ಘನಕ್ಕೆ ತಕ್ಕಂತೆ ಏರುತ್ತದೆ. ಆರ್‌ಪಿಎಂ 10 ಶೇಕಡಾ ಇಳಿಸಿದರೆ ಶಕ್ತಿ 27 ಶೇಕಡಾ ಇಳಿಯುತ್ತದೆ. ಮನೆಗೆ ಬೇಗ ಹೋಗಬೇಕೆನ್ನುವ ಕಲಾಸಿಗಳಿಗೆ (ಬೋಟಿನ ಕೆಲಸಗಾರರಿಗೆ) ಈ ಲೆಕ್ಕ ಹಿಡಿಸುವುದಿಲ್ಲ, ಅದು ಬೇರೆ ಮಾತು.

ಪ್ರಶ್ನೆ: ಮಗ ಫಿಶಿಂಗ್ ಹಡಗಿನ ಎಂಜಿನ್ ರೂಮಿಗೆ ಸೇರಿದ್ದಾನೆ. ಮೀನು ತುಂಬುವ ಅಡಿಕೋಣೆಗೆ ಇಳಿದವರು ಪ್ರಜ್ಞೆ ತಪ್ಪಿ ಸಾಯುತ್ತಾರೆ ಎಂದು ಕೇಳಿ ನಿದ್ದೆ ಬರುತ್ತಿಲ್ಲ. ನಿಜವೇ? — ತಾಯಿಯೊಬ್ಬರು, ವಿರಾಜಪೇಟೆ

ನಿಜ, ತಾಯಿ. ತೋಟದಲ್ಲಿ ಬಹಳ ದಿನ ಮುಚ್ಚಿಟ್ಟ ಬಾವಿಗೋ, ಪಲ್ಪರ್ ನೀರಿನ ಗುಂಡಿಗೋ ದಿಢೀರನೆ ಇಳಿಯಬಾರದೆಂದು ಹಿರಿಯರು ಹೇಳುವುದಿಲ್ಲವೇ, ಕಾರಣ ಅದೇ. ಕೊಳೆತ ಮೀನು, ನಿಂತ ನೀರು ಆಮ್ಲಜನಕ ತಿಂದು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ ನಿಜ. ಆದರೆ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲು) ಮುಟ್ಟುವಷ್ಟರಲ್ಲಿ ಮೂಗು ಮರಗಟ್ಟಿ ವಾಸನೆಯೇ ಗೊತ್ತಾಗುವುದಿಲ್ಲ. ‘ವಾಸನೆ ಹೋಯಿತು, ಇಳಿಯಬಹುದು’ ಎಂದುಕೊಳ್ಳುವುದೇ ಪ್ರಾಣಕ್ಕೆ ಎರವು.

ಮಗನಿಗೆ ಫೋನಿನಲ್ಲಿ ಇಷ್ಟು ಕೇಳಿ: ಗ್ಯಾಸ್ ಮೀಟರ್ ಹಡಗಿನಲ್ಲಿದೆಯೇ? ಗಾಳಿ ಊದುವ ಬ್ಲೋವರ್ ಇದೆಯೇ? ಹೊರಗಿನ ಗಾಳಿಯಲ್ಲಿ ಆಮ್ಲಜನಕ 20.9 ಶೇಕಡಾ ಇರುತ್ತದೆ. ಮೀಟರಿನಲ್ಲಿ 19.5ಕ್ಕಿಂತ ಕೆಳಗೆ ತೋರಿಸಿದರೆ ಇಳಿಯುವಂತಿಲ್ಲ. ಮೀಟರನ್ನು ಹಗ್ಗಕ್ಕೆ ಕಟ್ಟಿ ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ಅಳೆಯಬೇಕು. ಇಳಿಯುವವನ ಸೊಂಟಕ್ಕೆ ಹಗ್ಗ, ಬಾಗಿಲಲ್ಲಿ ಒಬ್ಬ ಕಾವಲು. ಒಳಗಿದ್ದವನು ಬಿದ್ದರೆ ಕಾವಲಿನವನು ಹಿಂದೆ ಇಳಿಯಕೂಡದು. ಹಗ್ಗದಿಂದ ಎಳೆಯಬೇಕು, ಜನ ಕರೆಯಬೇಕು, ಸಿಲಿಂಡರ್ ಮುಖವಾಡ ಹಾಕಿದವರಷ್ಟೇ ಇಳಿಯಬೇಕು. ಇಂಥ ಕಡೆ ಎರಡನೆಯ, ಮೂರನೆಯ ಸಾವು ಎತ್ತಲು ಹೋದವರದ್ದೇ. ಹಡಗಿನ ಫ್ರೀಜರ್ ಅಮೋನಿಯಾದ್ದಾದರೆ ಮುಖವಾಡ ಎಲ್ಲಿಟ್ಟಿದ್ದಾರೆ ಎಂದೂ ಕೇಳಿ. ಅದು ಕಂಪ್ರೆಸರ್ ಕೋಣೆಯ ಹೊರಗಿರಬೇಕು. ಸೋರಿದ ಮೇಲೆ ಒಳಗಿರುವ ಮುಖವಾಡ ಯಾರಿಗೆ ಬೇಕು?

ಪ್ರಶ್ನೆ: ಫ್ಯಾನ್ ಶಾಫ್ಟ್ ಹೊರಹೋಗುವ ಜಾಗದಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ನಟ್ಟು ಬಿಗಿದು ಪೂರ್ತಿ ನಿಲ್ಲಿಸಿದೆ. ಈಗ ಆ ಜಾಗ ಮುಟ್ಟಲಾಗದಷ್ಟು ಬಿಸಿ. — ಸೋಮವಾರಪೇಟೆಯವರು, ಈಗ ಮಲ್ಪೆಯಲ್ಲಿ

ಆ ತೊಟ್ಟು ಬೇಕಾದದ್ದೇ. ಶಾಫ್ಟಿನ ಸುತ್ತ ನೀರು ತಡೆಯಲು ತುಂಬಿದ ಹೆಣೆದ ಹಗ್ಗದಂಥ ರಿಂಗುಗಳನ್ನು, ಅಂದರೆ ಗ್ಲ್ಯಾಂಡ್ ಪ್ಯಾಕಿಂಗನ್ನು ತಣ್ಣಗಿಡುವುದು, ನಯವಾಗಿಡುವುದು ಅದೇ ನೀರು. ನಿಲ್ಲಿಸಿದರೆ ಪ್ಯಾಕಿಂಗ್ ಸುಟ್ಟು ಗಟ್ಟಿಯಾಗಿ ಶಾಫ್ಟಿಗೆ ಗೆರೆ ಕೊರೆಯುತ್ತದೆ. ಆಮೇಲೆ ಎಷ್ಟು ಬಿಗಿದರೂ ಸೋರುವುದು ನಿಲ್ಲುವುದಿಲ್ಲ.

ಶಾಫ್ಟ್ ನಿಲ್ಲಿಸಿ, ಎರಡೂ ನಟ್ಟು ಸಮನಾಗಿ ಸಡಿಲಿಸಿ, ನೀರು ಹರಿದು ತಣ್ಣಗಾಗಲಿ. ಮತ್ತೆ ಓಡಿಸಿ, ಒಂದು ಸಲಕ್ಕೆ ನಟ್ಟಿನ ಒಂದೇ ಮುಖದಷ್ಟು, ಅಂದರೆ ಆರನೇ ಒಂದು ಸುತ್ತು, ಎರಡೂ ಕಡೆ ಸಮವಾಗಿ ಬಿಗಿಯಿರಿ. ಓಡುವಾಗ ನಿಮಿಷಕ್ಕೆ ಹತ್ತು ತೊಟ್ಟಿನ ಆಸುಪಾಸು ಬಂದರೆ ಸಾಕು. ತೊಟ್ಟು ಈ ಲೆಕ್ಕಕ್ಕೆ ಬರದೆ ಧಾರೆಯಾಗಿಯೇ ಉಳಿದರೆ ಪ್ಯಾಕಿಂಗ್ ಮುಗಿದಿದೆ. ಬೋಟು ದಡಕ್ಕೇರಿದಾಗ ಹಳೆಯ ರಿಂಗುಗಳನ್ನೆಲ್ಲ ಕಿತ್ತು ಹೊಸವು ಹಾಕಿ. ಪ್ರತಿ ರಿಂಗಿನ ತುದಿ 45 ಡಿಗ್ರಿ ಓರೆಯಾಗಿ ಕತ್ತರಿಸಿ, ಒಂದರ ಸಂದು ಇನ್ನೊಂದರ ಸಂದಿನ ಎದುರು ಬಾರದಂತೆ 120 ಡಿಗ್ರಿ ತಿರುಗಿಸಿ ಕೂರಿಸಿ. ಹಳೆಯದರ ಮೇಲೆ ಒಂದು ಹೊಸ ರಿಂಗ್ ತುರುಕುವವರಿದ್ದಾರೆ, ಆ ರಿಂಗು ಸುಮ್ಮನೆ ದಂಡ. ಈಗ ನಟ್ಟು ಸಡಿಲಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತು, ಆಗಾಗ ಗ್ಲ್ಯಾಂಡಿನ ಹೊರಕವಚಕ್ಕೆ ಅಂಗೈ ಇಟ್ಟು ನೋಡುತ್ತಿರಿ. ತಿರುಗುವ ಶಾಫ್ಟಿಗೆ ಬಟ್ಟೆ, ಕೈ ತಾಗದಿರಲಿ. ಉಗುರುಬೆಚ್ಚಗೆ ಇದ್ದರೆ ಸರಿ, ಅಂಗೈ ಇಡಲಾಗದಿದ್ದರೆ ನಟ್ಟು ಇನ್ನೊಂದು ಮುಖ ಸಡಿಲಿಸಿ.