ಸಿಗ್ನಲ್‌ನಲ್ಲಿ ದೇಣಿಗೆ ಸಂಗ್ರಹ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದೊಂದು ಚಿಕ್ಕ ಸ್ವಯಂಸೇವಾ ಸಂಘ. ಬಡ ಮಕ್ಕಳ ಚಿಕಿತ್ಸೆಗೆ ನಿಧಿ ಕೂಡಿಸುವ ಸಲುವಾಗಿ, ರಜೆಯ ದಿನವೊಂದರಲ್ಲಿ ನಾಲ್ಕು ರಸ್ತೆಗಳು ಕೂಡುವ ಸಿಗ್ನಲ್ ಬಳಿ ನಿಂತು ವಾಹನ ಸವಾರರಿಂದ ದೇಣಿಗೆ ಕೇಳಬೇಕೆಂದು ತೀರ್ಮಾನಿಸಿದ್ದೇವೆ. ಡಬ್ಬಿ, ಫಲಕ, ಹೊಳೆಯುವ ಮೇಲಂಗಿ ಎಲ್ಲವೂ ಸಿದ್ಧವಾಗಿವೆ. ಇದಕ್ಕೆ ಅನುಮತಿ ಬೇಕೇ? ಯಾರಿಗೂ ಅಪಾಯವಾಗದಂತೆ ನಡೆಸುವುದು ಹೇಗೆ?
— ಸಂಘದ ಕಾರ್ಯದರ್ಶಿ

ಉತ್ತರ: ತಾವು ಕೊಟ್ಟಿರುವ ಪಟ್ಟಿಯಲ್ಲಿ ಡಬ್ಬಿ ಹಿಡಿಯುವವರಿಗೆ ಬೇಕಾದದ್ದೆಲ್ಲ ಇದೆ. ಆದರೆ ಡಬ್ಬಿಯನ್ನು ಮುಟ್ಟದೆ, ಯಾರೊಡನೆಯೂ ಮಾತಿಗಿಳಿಯದೆ, ಸಿಗ್ನಲ್ ದೀಪವನ್ನೂ ಬರುತ್ತಿರುವ ವಾಹನಗಳನ್ನೂ ಮಾತ್ರ ನೋಡುತ್ತಿರಬೇಕಾದ ವ್ಯಕ್ತಿಯ ಪ್ರಸ್ತಾಪವೇ ಅದರಲ್ಲಿಲ್ಲ. ಇಂಥ ಸಂಗ್ರಹದಲ್ಲಿ ಎಲ್ಲರಿಗಿಂತ ಮುಖ್ಯರು ಅವರೇ ಎಂಬುದು ನಮ್ಮ ದೃಢ ಅಭಿಪ್ರಾಯ. ಆ ಕೆಲಸಕ್ಕೆ ಒಬ್ಬರನ್ನು ಬಿಡಿಸಿಕೊಡಲು ಸಾಧ್ಯವಿಲ್ಲದಷ್ಟು ಜನರ ಕೊರತೆಯಿದ್ದರೆ ರಸ್ತೆಗೆ ಇಳಿಯುವ ಯೋಚನೆಯನ್ನೇ ಬಿಟ್ಟು, ಫುಟ್‌ಪಾತಿನ ಮೇಲೆ ನಿಂತು ಪಾದಚಾರಿಗಳಿಂದ ಸಂಗ್ರಹಿಸುವುದು ಒಳ್ಳೆಯದು.

ಮೊದಲು ಅನುಮತಿಯ ವಿಷಯ. ಅನುಮತಿ ಬೇಕೇ ಬೇಕು. ಅದೂ ಬಾಯಿಮಾತಿನದಲ್ಲ, ಬರಹದಲ್ಲಿ. ರಸ್ತೆಯ ಒಡೆತನವಿರುವ ಸ್ಥಳೀಯ ಆಡಳಿತ ಮತ್ತು ಸಂಚಾರ ಪೊಲೀಸರು, ಇಬ್ಬರನ್ನೂ ಕೇಳಬೇಕು. ನಿಯಮ ಎಲ್ಲೆಡೆ ಒಂದೇ ತೆರನಾಗಿಲ್ಲ. ಇಂಗ್ಲೆಂಡಿನಲ್ಲಿ ಬೀದಿ ಸಂಗ್ರಹವನ್ನು 1916ರ ಕಾಯಿದೆಯೊಂದರ ಅಡಿಯಲ್ಲಿ ನಿಯಂತ್ರಿಸುತ್ತಾರೆ. ಅಲ್ಲಿನ ಸ್ಥಳೀಯ ಆಡಳಿತಗಳು ಸಾಮಾನ್ಯವಾಗಿ ಅನುಸರಿಸುವ ಮಾದರಿ ನಿಯಮಾವಳಿಯ ಪ್ರಕಾರ, ಫುಟ್‌ಪಾತ್ ಇರುವ ಬೀದಿಯಲ್ಲಿ ವಾಹನ ಓಡಾಡುವ ಭಾಗಕ್ಕೆ ಇಳಿದು ಹಣ ಕೇಳುವಂತಿಲ್ಲ. ಒಬ್ಬ ಸಂಗ್ರಾಹಕರಿಗೂ ಇನ್ನೊಬ್ಬರಿಗೂ ನಡುವೆ 25 ಮೀಟರ್ ಅಂತರವಿರಬೇಕು. ಅಮೆರಿಕದ ಟೆಕ್ಸಾಸ್ ರಾಜ್ಯದ ಕಾನೂನು ರಸ್ತೆಯಲ್ಲಿ ನಿಂತು ಹಣ ಕೇಳುವುದನ್ನು ಸಾಮಾನ್ಯವಾಗಿ ನಿಷೇಧಿಸಿದರೂ, ಸ್ಥಳೀಯ ಆಡಳಿತದ ಒಪ್ಪಿಗೆ ಪಡೆದು ನಡೆಸುವ ಧರ್ಮಾರ್ಥ ಸಂಗ್ರಹಕ್ಕೆ ಅವಕಾಶ ಕೊಟ್ಟಿದೆ. ಆಡಳಿತದ ನೌಕರರೇ ಅಂಥ ಸಂಗ್ರಹಕ್ಕೆ ನಿಲ್ಲುವುದಾದರೆ 11 ದಿನ ಮೊದಲೇ ಅರ್ಜಿ ಸಲ್ಲಿಸಿ, ಕನಿಷ್ಠ 10 ಲಕ್ಷ ಡಾಲರ್ ಮೊತ್ತದ ಹೊಣೆಗಾರಿಕೆ ವಿಮೆಯ ದಾಖಲೆಯನ್ನು ಒದಗಿಸಬೇಕೆಂಬ ಷರತ್ತನ್ನೂ ಅದು ವಿಧಿಸಿದೆ. ತಮ್ಮಲ್ಲಿ ಯಾವ ನಿಯಮವಿದೆ ಎಂಬುದನ್ನು ವಿಚಾರಿಸುವಾಗ ದಿನ, ವೇಳೆ, ಸ್ಥಳ, ಸಂಗ್ರಾಹಕರ ಸಂಖ್ಯೆ ಮತ್ತು ನಿಲ್ಲುವ ಜಾಗದ ನಕ್ಷೆ ಇವಿಷ್ಟನ್ನೂ ಅರ್ಜಿಯೊಂದಿಗೆ ಕೊಡಿ. ನಕ್ಷೆ ಬರೆಯಲು ಕುಳಿತಾಗಲೇ ಎಷ್ಟೋ ಅಪಾಯಗಳು ಕಣ್ಣಿಗೆ ಬೀಳುತ್ತವೆ.

ಸ್ಥಳದ ಆಯ್ಕೆಯಲ್ಲಿ ಹೆಚ್ಚು ವಾಹನ ಬರುವ ಜಾಗವನ್ನು ಹುಡುಕುವ ಆಸೆ ಸಹಜ. ಆದರೆ ನೋಡಬೇಕಾದದ್ದು ವಾಹನಗಳ ಸಂಖ್ಯೆಯನ್ನಲ್ಲ, ಅವು ನಿಲ್ಲುವ ರೀತಿಯನ್ನು. ಕೆಂಪು ದೀಪಕ್ಕೆ ಎಲ್ಲರೂ ನಿಲ್ಲುವ, ಫುಟ್‌ಪಾತ್ ಅಥವಾ ಅಗಲವಾದ ರಸ್ತೆ ವಿಭಜಕ ಪಕ್ಕದಲ್ಲೇ ಇರುವ, ದೂರದಿಂದಲೇ ಕಾಣುವ ನೇರ ರಸ್ತೆಯ ಸಿಗ್ನಲ್ ಒಳ್ಳೆಯದು. ಸಿಗ್ನಲ್ ಇಲ್ಲದ ವೃತ್ತ, ತಿರುವಿನ ಮರೆಯಲ್ಲಿರುವ ಕೂಡುರಸ್ತೆ, ಇಳಿಜಾರಿನ ಕೊನೆ, ವೇಗದ ಹೆದ್ದಾರಿ ಇವು ಯಾವುವೂ ಬೇಡ. ಸಿಗ್ನಲ್ಲಿಗೆ ಕಾಯದೆ ಪಕ್ಕಕ್ಕೆ ತಿರುಗಿ ಹೋಗಲು ಅವಕಾಶವಿರುವ ಪಥವಂತೂ ಮೋಸದ ಜಾಗ: ಉಳಿದ ವಾಹನಗಳೆಲ್ಲ ನಿಂತಿರುವುದನ್ನು ನೋಡಿ ಧೈರ್ಯದಿಂದ ಕಾಲಿಟ್ಟವರ ಮೇಲೆ ಅಲ್ಲಿಂದ ವಾಹನ ಬರುತ್ತದೆ. ಗಂಟೆಗೆ 50 ಕಿ.ಮೀ. ವೇಗದ ವಾಹನ ಒಂದೇ ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಮುಂದೆ ಬಂದಿರುತ್ತದೆ. ಚಾಲಕರು ನಿಮ್ಮನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲೇ ಆ ದೂರ ಕಳೆದುಹೋಗುತ್ತದೆ. ವಾಹನ ನಿಲ್ಲುವುದು ಅದಕ್ಕೂ ಆಚೆ. ಆದ್ದರಿಂದ ಚಲಿಸುತ್ತಿರುವ ವಾಹನವನ್ನು ಕೈ ಅಡ್ಡ ಹಿಡಿದು ನಿಲ್ಲಿಸುವುದು, ನಿಧಾನವಾಗಿ ಸಾಗುತ್ತಿರುವ ವಾಹನದ ಜೊತೆ ನಡೆಯುತ್ತ ಕೇಳುವುದು ಯಾವ ಕಾರಣಕ್ಕೂ ಕೂಡದು.

ಇನ್ನು ಕೆಂಪು ದೀಪದ ಆ ಒಂದು ನಿಮಿಷವನ್ನು ಹೇಗೆ ಬಳಸಬೇಕೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. ದೀಪ 60 ಸೆಕೆಂಡು ಕೆಂಪಾಗಿರುತ್ತದೆ ಎಂದುಕೊಳ್ಳಿ. ಮೊದಲ ಹತ್ತು ಸೆಕೆಂಡು ಯಾರೂ ಫುಟ್‌ಪಾತಿನಿಂದ ಇಳಿಯಬಾರದು, ಏಕೆಂದರೆ ದೀಪ ಬದಲಾದ ಮೇಲೂ ನುಗ್ಗುವ ವಾಹನಗಳಿರುತ್ತವೆ ಮತ್ತು ಬೈಕ್ ಸವಾರರು ಕಾರುಗಳ ಸಂದಿಯಲ್ಲಿ ತೂರಿಕೊಂಡು ಮುಂದಿನ ಸಾಲಿಗೆ ಬರುವುದು ಆ ಹೊತ್ತಿನಲ್ಲೇ. ಸಾಲು ಪೂರ್ತಿ ನಿಂತ ಮೇಲೆ ನಿಗಾ ನೋಡುವವರು ಸೂಚನೆ ಕೊಡಬೇಕು. ಸಂಗ್ರಾಹಕರು ಫುಟ್‌ಪಾತಿಗೆ ಹೊಂದಿಕೊಂಡಿರುವ ಪಥದ ಅಂಚಿನಲ್ಲಿ ಮಾತ್ರ, ವಾಹನಗಳಿಗೆ ಮುಖ ಮಾಡಿ, ಮುಂದಿನ ವಾಹನದಿಂದ ಹಿಂದಿನದರ ಕಡೆಗೆ ನಡೆಯಬೇಕು. ಬೆನ್ನು ತೋರಿಸಿ ನಡೆದರೆ ಹಿಂದಿನಿಂದ ಬರುವುದು ಕಾಣುವುದಿಲ್ಲ. ಎರಡನೆಯ, ಮೂರನೆಯ ಪಥದವರು ಕೈಬೀಸಿ ಕರೆದರೂ ನಡುವೆ ನುಸುಳುವಂತಿಲ್ಲ, ಕೈಮುಗಿದು ಸುಮ್ಮನಾಗಬೇಕು. ಕೊನೆಯ 15 ಸೆಕೆಂಡು ಉಳಿದಾಗ ಸೀಟಿ ಊದಿದರೆ, ನೋಟು ಅರ್ಧ ಡಬ್ಬಿಯೊಳಗೆ ಹೋಗಿದ್ದರೂ ಸರಿ, ತಕ್ಷಣ ಫುಟ್‌ಪಾತಿಗೆ ಹಿಂತಿರುಗಬೇಕು. ಹೀಗೆ ಲೆಕ್ಕ ಹಾಕಿದರೆ ನಿಜವಾಗಿ ಸಿಗುವುದು 35 ಸೆಕೆಂಡು, ಅಂದರೆ ನಾಲ್ಕೈದು ವಾಹನಗಳು. ಅಷ್ಟರಲ್ಲೇ ತೃಪ್ತಿಪಡಬೇಕು.

ಬಿದ್ದ ನಾಣ್ಯವನ್ನು ಬಗ್ಗಿ ಹೆಕ್ಕಬಾರದು ಎಂಬುದನ್ನು ಎಲ್ಲ ಸ್ವಯಂಸೇವಕರಿಗೂ ಮತ್ತೆ ಮತ್ತೆ ಹೇಳಿ. ಬಗ್ಗಿದ ಮನುಷ್ಯ ಲಾರಿಯ ಚಾಲಕನಿಗೆ ಕಾಣುವುದೇ ಇಲ್ಲ. ಎತ್ತರದ ಕ್ಯಾಬಿನ್ನಿನಲ್ಲಿ ಕುಳಿತವರಿಗೆ ವಾಹನದ ಮೂತಿಯ ನೇರ ಮುಂದೆ ನೆಟ್ಟಗೆ ನಿಂತವರೂ ಕಾಣದಿರಬಹುದು. ಲಾರಿ, ಬಸ್ಸುಗಳ ಮುಂದೆ ಹಾಯದಿರುವುದು, ಅವುಗಳ ಬಳಿ ದೇಣಿಗೆ ಕೇಳದಿರುವುದು ಲೇಸು. ಕಾರಿನ ಕಿಟಕಿಯೊಳಗೆ ಕೈ ಚಾಚುವುದು, ಬಾಗಿಲಿಗೆ ಒರಗುವುದು, ಬಾನೆಟ್ಟಿನ ಮೇಲೆ ಡಬ್ಬಿ ಇಡುವುದು ಸಹ ತಪ್ಪು. ಡಬ್ಬಿಯ ಬಾಯಿ ಅಗಲವಾಗಿದ್ದಷ್ಟೂ ಚಾಲಕರು ಅದರೊಳಗೆ ಹಣ ಹಾಕುವುದು ಬೇಗ ಮುಗಿಯುತ್ತದೆ. ಅಮೆರಿಕದ ಅಗ್ನಿಶಾಮಕ ಸಿಬ್ಬಂದಿಯ ಅಂತರರಾಷ್ಟ್ರೀಯ ಸಂಘ 1954ರಿಂದ ಸ್ನಾಯುಕ್ಷಯ ರೋಗಿಗಳ ನೆರವಿಗೆ ಕೈಜೋಡಿಸಿದೆ. ಅದರ ಸದಸ್ಯರು ಕೂಡುರಸ್ತೆಗಳಲ್ಲಿ ತಮ್ಮ ಬೂಟನ್ನೇ ಡಬ್ಬಿಯಾಗಿ ಚಾಚಿ ಹಣ ಕೂಡಿಸುವುದು ಪ್ರಸಿದ್ಧ. ಬೂಟಿನ ಅಗಲ ಬಾಯಿಯ ಅನುಕೂಲ ಅಲ್ಲಿ ತಾನಾಗಿಯೇ ಒದಗಿದೆ. ಆದರೆ ಅವರು ರಸ್ತೆ ಅಪಘಾತದ ಸ್ಥಳಗಳಲ್ಲಿ ವಾಹನಗಳ ನಡುವೆ ಕೆಲಸ ಮಾಡುವ ತರಬೇತಿ ಪಡೆದವರು ಎಂಬುದನ್ನು ಮರೆತು ಅವರನ್ನು ಅನುಕರಿಸಬಾರದು.

ಮೇಲಂಗಿಯ ಬಗ್ಗೆ ಒಂದು ಮಾತು. ಹಳದಿ ಬಣ್ಣದ ಬಟ್ಟೆಯೆಲ್ಲ ಸುರಕ್ಷಾ ಉಡುಪಲ್ಲ. ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 20471ರ ಎರಡನೇ ವರ್ಗದ ಉಡುಪಿನಲ್ಲಿ ಪ್ರಖರ ಬಣ್ಣದ ಬಟ್ಟೆ ಕನಿಷ್ಠ 0.50 ಚದರ ಮೀಟರ್, ಬೆಳಕನ್ನು ಹಿಂತಿರುಗಿಸುವ ಪಟ್ಟಿ ಕನಿಷ್ಠ 0.13 ಚದರ ಮೀಟರ್ ಇರಬೇಕು. ಪ್ರಖರ ಬಣ್ಣ ಕೆಲಸ ಮಾಡುವುದು ಹಗಲಿನಲ್ಲಿ, ಪಟ್ಟಿ ಕೆಲಸ ಮಾಡುವುದು ವಾಹನದ ದೀಪ ಬಿದ್ದಾಗ. ಸೆಖೆಯೆಂದು ಗುಂಡಿ ಬಿಚ್ಚಿಕೊಂಡರೆ ಎದುರಿನಿಂದ ಬರುವವರಿಗೆ ಕಾಣಬೇಕಾದ ಭಾಗವೇ ಪಕ್ಕಕ್ಕೆ ಸರಿಯುತ್ತದೆ. ಫಲಕವನ್ನು ಎದೆಯ ಮೇಲೆ ನೇತುಹಾಕಿ ಅಂಗಿಯನ್ನು ಮುಚ್ಚಿಬಿಡುವುದೂ ಅಷ್ಟೇ ತಪ್ಪು. ಫಲಕವನ್ನು ಸಿಗ್ನಲ್ಲಿಗಿಂತ ಸಾಕಷ್ಟು ಹಿಂದೆ, ಫುಟ್‌ಪಾತಿನ ಮೇಲೆ ನಿಲ್ಲಿಸಿದರೆ ಬರುವವರಿಗೆ ಮುಂದೆ ಜನರಿದ್ದಾರೆಂಬ ಮುನ್ಸೂಚನೆಯೂ ಸಿಗುತ್ತದೆ, ಹಣ ತೆಗೆದಿಟ್ಟುಕೊಳ್ಳಲು ಸಮಯವೂ ಸಿಗುತ್ತದೆ. ಇಯರ್‌ಫೋನ್ ಬೇಡ, ಮುಖವಾಡದ ವೇಷ ಬೇಡ. ಮಳೆ ಬಂದರೆ ಅಥವಾ ಬೆಳಕು ಕುಗ್ಗಿದರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ನಿಗಾ ನೋಡುವವರನ್ನು ಗಂಟೆಗೊಮ್ಮೆಯಾದರೂ ಬದಲಿಸಿ. ದಣಿದ ಕಣ್ಣು ದೀಪವನ್ನು ನೋಡುತ್ತಿದ್ದರೂ ಗಮನಿಸುತ್ತಿರುವುದಿಲ್ಲ.

ಪ್ರಶ್ನೆ: ನನ್ನ ಮಗಳಿಗೆ ಹದಿನಾಲ್ಕು ವರ್ಷ. ಶಾಲೆಯ ಸೇವಾದಳದವರು ಸಿಗ್ನಲ್‌ನಲ್ಲಿ ದೇಣಿಗೆ ಸಂಗ್ರಹಕ್ಕೆ ಕರೆದಿದ್ದಾರೆ. ಮಕ್ಕಳು ಕೇಳಿದರೆ ಜನ ಬೇಗ ಕೊಡುತ್ತಾರೆ ಎಂದು ಹೇಳುತ್ತಾರೆ. ಕಳಿಸಲೇ?
— ಒಬ್ಬ ತಾಯಿ

ಉತ್ತರ: ರಸ್ತೆಗೆ ಇಳಿಯುವ ಕೆಲಸಕ್ಕೆ ಕಳಿಸಬೇಡಿ. ಮಕ್ಕಳು ಕೇಳಿದರೆ ಜನ ಬೇಗ ಕೊಡುತ್ತಾರೆ ಎಂಬುದು ನಿಜವೇ ಆಗಿದ್ದರೂ, ಅದೇ ಅವರನ್ನು ಅಲ್ಲಿಂದ ದೂರವಿಡಲು ಕಾರಣವಾಗಬೇಕು: ಮಗುವಿನ ಮುಖ ಕಂಡು ಚಾಲಕರು ಹಠಾತ್ತನೆ ನಿಲ್ಲುತ್ತಾರೆ, ಮಗು ಉತ್ಸಾಹದಿಂದ ಓಡುತ್ತದೆ. ಬರುವ ವಾಹನದ ವೇಗವನ್ನೂ ದೂರವನ್ನೂ ಒಟ್ಟಿಗೆ ಅಳೆಯುವ ಅಂದಾಜು ಬಲಿಯಲು ವರ್ಷಗಳೇ ಬೇಕು. ನಾವು ಮೇಲೆ ಹೇಳಿದ ಇಂಗ್ಲೆಂಡಿನ ಮಾದರಿ ನಿಯಮದಲ್ಲಿ ಫುಟ್‌ಪಾತಿನ ಮೇಲೆ ನಿಂತು ಸಂಗ್ರಹಿಸುವವರಿಗೂ ಕನಿಷ್ಠ 16 ವರ್ಷ ತುಂಬಿರಬೇಕು. ವಾಹನಗಳ ನಡುವೆ ನಡೆಯಲು 18 ವರ್ಷಕ್ಕಿಂತ ಕಡಿಮೆ ವಯಸ್ಸಿನವರನ್ನು ಬಿಡಬಾರದು ಎಂದು ನಾವು ಹೇಳುತ್ತೇವೆ. ಮಗಳಿಗೆ ಸೇವೆಯ ಆಸೆಯಿದ್ದರೆ ಫಲಕ ಬರೆಯುವುದು, ರಸ್ತೆಯಿಂದ ದೂರದ ಮೇಜಿನ ಬಳಿ ಹಿರಿಯರೊಂದಿಗೆ ಕುಳಿತು ಡಬ್ಬಿಗಳ ಸಂಖ್ಯೆ ದಾಖಲಿಸುವುದು ಅವಳ ವಯಸ್ಸಿಗೆ ಒಪ್ಪುವ ಕೆಲಸಗಳು. ಸೇವಾದಳದವರಿಗೆ ಇದನ್ನು ನೇರವಾಗಿ, ಗೌರವದಿಂದಲೇ ತಿಳಿಸಿ.

ಪ್ರಶ್ನೆ: ನಾನು ದಿನವೂ ಕಾರು ಓಡಿಸುವವನು. ಸಿಗ್ನಲ್‌ನಲ್ಲಿ ಡಬ್ಬಿ ಹಿಡಿದು ಬಂದವರಿಗೆ ಕೊಡಬೇಕೆನಿಸುತ್ತದೆ, ಆದರೆ ಪರ್ಸ್ ಹುಡುಕುವಷ್ಟರಲ್ಲಿ ಹಸಿರು ದೀಪ ಬಂದು ಹಿಂದಿನವರು ಹಾರ್ನ್ ಮಾಡುತ್ತಾರೆ. ಈಗ ಕೆಲವರು ಕ್ಯೂಆರ್ ಕೋಡ್ ಕೂಡ ತೋರಿಸುತ್ತಾರೆ. ಏನು ಮಾಡುವುದು ಸರಿ?
— ಒಬ್ಬ ಓದುಗರು

ಉತ್ತರ: ವಾಹನ ಪೂರ್ತಿ ನಿಂತಿದ್ದು, ಹಣ ಕೈಗೆಟುಕುವಂತಿದ್ದು, ಸಂಗ್ರಾಹಕರು ನಿಮ್ಮ ಪಕ್ಕದಲ್ಲೇ ಇದ್ದರೆ ಮಾತ್ರ ಕೊಡಿ. ಈ ಮೂರರಲ್ಲಿ ಒಂದು ತಪ್ಪಿದರೂ ಕೈಸನ್ನೆಯಿಂದ ಬೇಡವೆಂದು ತಿಳಿಸಿ ಮುಂದೆ ಸಾಗಿ. ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ದೇಣಿಗೆ ಕೊಡಲೆಂದು ಪಥ ಬದಲಿಸುವುದು, ಹಸಿರು ದೀಪ ಬಂದ ಮೇಲೂ ನಿಲ್ಲುವುದು, ಬಾಗಿಲು ತೆರೆಯುವುದು ಇವುಗಳಿಂದ ತೊಂದರೆಗೆ ಸಿಲುಕುವವರು ಡಬ್ಬಿ ಹಿಡಿದು ನಿಂತವರೇ. ಹಸಿರು ದೀಪ ಬಂದ ಮೇಲೂ ಸಂಗ್ರಾಹಕರು ಪಕ್ಕದಲ್ಲಿದ್ದರೆ ಅವರು ಫುಟ್‌ಪಾತು ಸೇರುವವರೆಗೆ ಕಾಯಿರಿ, ಹಿಂದಿನವರು ಎಷ್ಟೇ ಹಾರ್ನ್ ಮಾಡಲಿ.

ಕ್ಯೂಆರ್ ಕೋಡನ್ನು ಚಾಲಕರ ಆಸನದಲ್ಲಿ ಕುಳಿತು ಸ್ಕ್ಯಾನ್ ಮಾಡುವುದು ಸರಿಯಲ್ಲ. ಬ್ರಿಟನ್ನಿನಂಥ ದೇಶಗಳಲ್ಲಿ ಕೆಂಪು ದೀಪಕ್ಕೆ ನಿಂತಿರುವಾಗ ಕೈಯಲ್ಲಿ ಮೊಬೈಲ್ ಹಿಡಿದು ಬಳಸುವುದೂ ಅಪರಾಧವೇ. ಪರದೆಯಲ್ಲಿ ಗುಪ್ತಸಂಖ್ಯೆ ಒತ್ತುತ್ತಿರುವವರಿಗೆ ದೀಪ ಬದಲಾದದ್ದೂ ತಿಳಿಯುವುದಿಲ್ಲ, ಬಂಪರಿನ ಮುಂದೆ ಹಾಯುತ್ತಿರುವವರೂ ಕಾಣುವುದಿಲ್ಲ. ಸಂಘಗಳವರು ಕೋಡ್ ಮುದ್ರಿಸಿದ ಚೀಟಿಯನ್ನು ಕೊಟ್ಟು, ಮನೆಗೆ ಹೋದ ಮೇಲೆ ಪಾವತಿಸಿ ಎಂದು ಹೇಳಿದರೆ ಸಾಕು. ಆ ಚೀಟಿಯಲ್ಲಿ ಸಂಸ್ಥೆಯ ನೋಂದಾಯಿತ ಹೆಸರಿರಲಿ. ಪಾವತಿಯ ಪರದೆಯಲ್ಲಿ ಅದೇ ಹೆಸರು ಬಂದಿದೆಯೇ ಎಂದು ನೋಡಿಯೇ ಹಣ ಕಳಿಸಿ, ಏಕೆಂದರೆ ಅಸಲಿ ಕೋಡಿನ ಮೇಲೆ ಬೇರೆಯದನ್ನು ಅಂಟಿಸಿ ವಂಚಿಸುವವರಿದ್ದಾರೆ.

ಪ್ರಶ್ನೆ: ಸಂಗ್ರಹವಾದ ಹಣದ ಲೆಕ್ಕದಲ್ಲಿ ನಮ್ಮ ಸ್ವಯಂಸೇವಕರ ಮೇಲೆ ಯಾರೂ ಬೆರಳು ತೋರಿಸದಂತೆ ಏನು ವ್ಯವಸ್ಥೆ ಮಾಡಬಹುದು?
— ಟ್ರಸ್ಟೊಂದರ ಖಜಾಂಚಿ

ಉತ್ತರ: ಡಬ್ಬಿಗಳಿಗೆ ಮೊಹರು ಹಾಕಿ, ಕ್ರಮಸಂಖ್ಯೆ ಬರೆದು, ಯಾವ ಸಂಖ್ಯೆಯ ಡಬ್ಬಿ ಯಾರ ಕೈಗೆ ಎಷ್ಟು ಗಂಟೆಗೆ ಹೋಯಿತೆಂಬುದನ್ನು ಪುಸ್ತಕದಲ್ಲಿ ದಾಖಲಿಸಿ ಸಹಿ ಪಡೆಯಿರಿ. ತುಂಬಿದ ಡಬ್ಬಿಯನ್ನು ರಸ್ತೆಬದಿಯಲ್ಲಿ ತೆರೆಯಬಾರದು. ಹಣ ಎಣಿಸುವ ದೃಶ್ಯವೇ ಕಳ್ಳರಿಗೆ ಆಹ್ವಾನವಾಗುತ್ತದೆ. ಕನಿಷ್ಠ ಇಬ್ಬರ ಎದುರಿನಲ್ಲಿ, ಮುಚ್ಚಿದ ಕೋಣೆಯಲ್ಲಿ ಮೊಹರು ಒಡೆದು ಎಣಿಸಿ, ಮೊತ್ತವನ್ನು ಡಬ್ಬಿಯ ಸಂಖ್ಯೆಯ ಎದುರು ಬರೆದು ಇಬ್ಬರೂ ಸಹಿ ಮಾಡಲಿ. ಊಟ, ಪ್ರಯಾಣದ ಖರ್ಚನ್ನು ಡಬ್ಬಿಯ ಹಣದಿಂದ ನೇರವಾಗಿ ತೆಗೆಯಬೇಡಿ. ಪೂರ್ತಿ ಹಣ ಬ್ಯಾಂಕಿಗೆ ಹೋದ ಮೇಲೆ ಖರ್ಚನ್ನು ಬೇರೆಯಾಗಿ ತೋರಿಸಿ. ಇಂಗ್ಲೆಂಡಿನ ಮಾದರಿ ನಿಯಮದಂತೆ ಸಂಗ್ರಹ ಮುಗಿದ ಒಂದು ತಿಂಗಳೊಳಗೆ ಪರವಾನಗಿ ಕೊಟ್ಟ ಕಚೇರಿಗೆ ಲೆಕ್ಕಪತ್ರ ಒಪ್ಪಿಸಬೇಕು. ತಮ್ಮಲ್ಲಿ ಅಂಥ ಕಡ್ಡಾಯ ಇರಲಿ, ಇಲ್ಲದಿರಲಿ, ಅಷ್ಟೇ ಅವಧಿಯಲ್ಲಿ ಒಟ್ಟು ಮೊತ್ತ, ಖರ್ಚು ಮತ್ತು ಫಲಾನುಭವಿಗೆ ತಲುಪಿದ ಹಣ ಈ ಮೂರನ್ನೂ ಪ್ರಕಟಿಸಿ. ಡಬ್ಬಿ ಹಿಡಿದು ನಿಂತ ಸ್ವಯಂಸೇವಕರಿಗೂ ಅದರ ಒಂದೊಂದು ಪ್ರತಿ ಕೊಡಿ.