ಹಾಸನದಲ್ಲಿ ಹೋಟೆಲ್ ಕಟ್ಟಿಸ್ತಾ ಇದ್ದೇನೆ. ಸ್ಪ್ರಿಂಕ್ಲರ್ ಪೈಪಿನ ಪ್ರತಿ ಜಾಯಿಂಟಿಗೂ ಫ್ಲೆಕ್ಸಿಬಲ್ ಕಪ್ಲಿಂಗ್ ಹಾಕಿಸಬೇಕು, ಯಾವ ಕಂಪನಿಯದ್ದು ಒಳ್ಳೇದು?

ಕಂಪನಿ ಮಾತು ಆಮೇಲೆ. ಪೈಪುಗಳನ್ನು ಕೂಡಿಸುವ ಈ ಬಗ್ಗುವ ಕಪ್ಲಿಂಗನ್ನು ಪ್ರತಿ ಜಾಯಿಂಟಿಗೂ ಹಾಕಿಸಲೇಬೇಡಿ ಸಾರ್.

ಚಿಕ್ಕಮಗಳೂರಲ್ಲಿ ನಮ್ಮ ಲಾಡ್ಜ್ ಕಟ್ಟುವಾಗ ನಾನು ಮಾಡಿಸಿದ್ದು ಇದನ್ನೇ. 2022ರ ಜೂನ್‌ನಲ್ಲಿ ಹೊಳೆನರಸೀಪುರದ ಕಡೆ 3.4 ತೀವ್ರತೆಯಲ್ಲಿ ಭೂಮಿ ನಡುಗಿತ್ತಲ್ಲ, ಆ ಹೆದರಿಕೆ ತಲೆಯಲ್ಲಿತ್ತು. ಬಗ್ಗುವ ಜಾಯಿಂಟ್ ಜಾಸ್ತಿ ಇದ್ದಷ್ಟೂ ಸೇಫ್ ಅಂದುಕೊಂಡೆ. ಖರ್ಚು ಏರಿತು, ಅದನ್ನು ಸರಿದೂಗಿಸೋಕೆ ಸ್ವೇ ಬ್ರೇಸ್ ಕೈಬಿಟ್ಟೆ. ಹ್ಯಾಂಗರ್ ಇದೆಯಲ್ಲ, ಸಾಕು ಅಂತ. ಸಾಲುವುದಿಲ್ಲ! ಹ್ಯಾಂಗರ್ ಪೈಪಿನ ಭಾರ ಹೊರುತ್ತದೆ ಅಷ್ಟೇ, ಪಕ್ಕಕ್ಕೆ ಓಲಾಡೋದನ್ನು ತಡೆಯುವುದು ಬ್ರೇಸ್. ಒಂದು ಕಪ್ಲಿಂಗ್ ಬಗ್ಗೋದು ಸ್ವಲ್ಪವೇ, ಆದರೆ ಸಾಲಾಗಿ ಹಾಕಿ ಎಲ್ಲೂ ಹಿಡಿತ ಕೊಡದಿದ್ದರೆ ಇಡೀ ಲೈನು ಹಾವಿನ ಥರ ಹೊರಳುತ್ತದೆ. ನಮ್ಮಲ್ಲಿ ಭೂಕಂಪವೇನೂ ಬರಲಿಲ್ಲ, ಟೆಸ್ಟಿಗೆ ಫೈರ್ ಪಂಪ್ ಆನ್ ಮಾಡಿದ ಒದೆತವೇ ಸಾಕಾಯಿತು. ಕಾರಿಡಾರಿನ 4 ಇಂಚಿನ ಮೇನ್ ಪೈಪ್ ಜಿಗಿಯಿತು, ಒಂದು ಸ್ಪ್ರಿಂಕ್ಲರ್ ಫಾಲ್ಸ್ ಸೀಲಿಂಗಿಗೆ ಬಡಿದು ಥ್ರೆಡ್ ಹತ್ತಿರವೇ ಮುರಿಯಿತು. ಪೈಪಲ್ಲಿ ನಿಂತ ನೀರು ಕಪ್ಪಗೆ ನಾರುತ್ತದೆ, ಅಷ್ಟೂ ಹೊಸ ಹಾಸಿಗೆಗಳ ಮೇಲೆ.

ಹಾಗಂತ ಕಪ್ಲಿಂಗೇ ಬೇಡ ಅಂತಲ್ಲ. 1994ರ ನಾರ್ತ್‌ರಿಡ್ಜ್ ಭೂಕಂಪದಲ್ಲಿ ಲಾಸ್ ಏಂಜಲೀಸ್ ಕಡೆಯ ಆಲಿವ್ ವ್ಯೂ ಆಸ್ಪತ್ರೆ ಕಟ್ಟಡ ಗಟ್ಟಿಯಾಗಿ ನಿಂತರೂ ಪೈಪ್ ಒಡೆದು ನೀರು ನುಗ್ಗಿ ರೋಗಿಗಳನ್ನು ಬೇರೆ ಕಡೆ ಸಾಗಿಸಬೇಕಾಯಿತು. ಆದರೆ ಜಾಗ ನೋಡಿ ಹಾಕಬೇಕು. ಅಮೆರಿಕದ ಎನ್‌ಎಫ್‌ಪಿಎ 13 (ಸ್ಪ್ರಿಂಕ್ಲರ್ ಅಳವಡಿಕೆಯ ನಿಯಮಾವಳಿ) ಇದನ್ನು ಕೇಳುವುದು 2½ ಇಂಚು ಮತ್ತು ಅದಕ್ಕಿಂತ ದಪ್ಪ ಪೈಪಿಗೆ. ಮಹಡಿಯಿಂದ ಮಹಡಿಗೆ ನೆಟ್ಟಗೆ ಏರುವ ಪೈಪ್, ಅಂದರೆ ರೈಸರ್‌ನ ಮೇಲ್ತುದಿ, ಕೆಳತುದಿಯಿಂದ 2 ಅಡಿಯೊಳಗೆ, ಮಹಡಿ ದಾಟುವಲ್ಲಿ, ಕಾಂಕ್ರೀಟ್ ಗೋಡೆ ದಾಟಿದರೆ ಎರಡೂ ಬದಿ 1 ಅಡಿಯೊಳಗೆ. ಗೋಡೆಯ ತೂತು ಸಾಕಷ್ಟು ದೊಡ್ಡದಿದ್ದರೆ, ಅಂದರೆ 4 ಇಂಚಿನ ಪೈಪಿಗೆ 8 ಇಂಚು, ಅಲ್ಲಿ ಕಪ್ಲಿಂಗೂ ಬೇಕಿಲ್ಲ. ಮೇಸ್ತ್ರಿ ಮಾತ್ರ ಆ ತೂತನ್ನು ಸಿಮೆಂಟ್ ಹಾಕಿ ಬಿಗಿಯಾಗಿ ಮುಚ್ಚದಂತೆ ನೋಡಿಕೊಳ್ಳಿ, ಬೇಡ ಅಂದರೂ ಮುಚ್ಚುತ್ತಾರೆ. ಅಡ್ಡ ಬ್ರೇಸ್ 40 ಅಡಿ ಮೀರದ ಅಂತರದಲ್ಲಿ ಇರಲಿ. ಬೇಕಾದ್ದಕ್ಕಿಂತ ಜಾಸ್ತಿ ಕಪ್ಲಿಂಗ್ ಹಾಕಿದರೆ ಬ್ರೇಸೂ ಜಾಸ್ತಿ ಹಾಕಬೇಕು ಅಂತ ಅದೇ ನಿಯಮದಲ್ಲಿದೆ. ನಾನು ಓದಿದ್ದು ಹಾಸಿಗೆ ಒಣಗಿಸಿದ ಮೇಲೆ!

ಕಟ್ಟಡಕ್ಕೆ ಎಕ್ಸ್‌ಪಾನ್ಷನ್ ಜಾಯಿಂಟ್ (ಕಟ್ಟಡದ ಎರಡು ಭಾಗಗಳ ನಡುವೆ ಬಿಡುವ ಸಂದು) ಇದೆಯಾ, ನೀವು ಬರೆದಿಲ್ಲ. ಇದ್ದು, ಪೈಪ್ ಅದನ್ನು ದಾಟಿದರೆ ಒಂದೆರಡು ಕಪ್ಲಿಂಗ್ ಸಾಲದು, ಎಲ್ಲಾ ದಿಕ್ಕಿಗೂ ಅಲುಗುವಂತೆ ಎಲ್ಬೋ ಸೇರಿಸಿ ಜೋಡಿಸಬೇಕು. ಡ್ರಾಯಿಂಗ್ ನೋಡಿ ಹೇಳಿ.