ಕಿಸೆಯಲ್ಲಿ ಫೋನು, ಕೈಯಲ್ಲಿ ಜನತಾ

ತಿಪಟೂರಿನ ಒಬ್ಬ ಓದುಗರ ಪತ್ರ ಹದಿನೈದು ದಿನದಿಂದ ನನ್ನ ಮೇಜಿನ ಮೇಲೆ ಕೂತಿದೆ. ಬರೆದವರು ನಿವೃತ್ತ ನೌಕರರು. ಹೆಸರು ಹಾಕಬೇಡಿ ಎಂದಿದ್ದಾರೆ, ಮಗ ಈ ಪತ್ರಿಕೆ ಓದುತ್ತಾನಂತೆ. ಪತ್ರದ ಮುಖ್ಯ ಭಾಗ ಇಷ್ಟು:

"ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಎರಡು ಫೋನು, ಒಂದು ಲ್ಯಾಪ್‌ಟಾಪು. ಎಲ್ಲದರಲ್ಲೂ ಟೈಮು ಕಾಣುತ್ತೆ. ಆದರೂ ಹೋದ ತಿಂಗಳು ಮೂರು ಸಾವಿರ ಕೊಟ್ಟು, ಯಾರೋ ಕಟ್ಟಿ ಬಿಟ್ಟ ಹಳೇ ಎಚ್‌ಎಂಟಿ ಜನತಾ ವಾಚು ತರಿಸಿದ್ದಾನೆ. ಗಿಳಿಹಸಿರು ಬಣ್ಣದ ಡಯಲ್ಲು. ದಿನಾ ಬೆಳಿಗ್ಗೆ ಕೂತು ಅದಕ್ಕೆ ಕೀಲಿ ಕೊಡುತ್ತಾನೆ. ನನ್ನ ಮದುವೆಯಲ್ಲಿ ಮಾವನವರು ಕೊಟ್ಟ ಕಾಂಚನ್ ವಾಚು ಬೀರುವಿನಲ್ಲಿ ನಿಂತು ಹದಿನೈದು ವರ್ಷವಾಯಿತು. ಫೋನ್ ಬಂದ ಮೇಲೆ ಯಾಕೆ ಬೇಕು ಅಂತ ನಾನೇ ಬಿಚ್ಚಿಟ್ಟೆ. ಈಗಿನ ಹುಡುಗರಿಗೆ ಇದೆಂಥ ಹುಚ್ಚು? ವಾಚಿಗೆ ಇನ್ನೂ ಯಾಕೆ ಬೆಲೆ?"

ಮಾನ್ಯರೇ,

ಮೊದಲು ಸೋಲು ಒಪ್ಪಿಕೊಂಡುಬಿಡುತ್ತೇನೆ. ಸರಿಯಾದ ಸಮಯ ಬೇಕು ಅಂದರೆ ಫೋನೇ ಸರಿ. ಅದು ನೆಟ್‌ವರ್ಕ್‌ನಿಂದ ಸಮಯ ತೆಗೆದುಕೊಂಡು ತಾನೇ ತಿದ್ದಿಕೊಳ್ಳುತ್ತದೆ. ಸೆಲ್ಲು ಹಾಕುವ ಸಾಧಾರಣ ಕ್ವಾರ್ಟ್ಸ್ ವಾಚು ತಿಂಗಳಿಗೆ ಹದಿನೈದು ಸೆಕೆಂಡು ಆಚೀಚೆ ಆಗಬಹುದು. ನಿಮ್ಮ ಮಗನ ಜನತಾ ಅಷ್ಟನ್ನು ಒಂದೇ ದಿನದಲ್ಲಿ ಮಾಡಿ ಮುಗಿಸುತ್ತದೆ. ಲೆಕ್ಕದಲ್ಲಿ ನೀವೇ ಗೆದ್ದಿರಿ.

ಆದರೆ ನಿಮ್ಮ ಪತ್ರದಲ್ಲಿ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. "ಬಿಚ್ಚಿಟ್ಟೆ" ಎಂದಿದ್ದೀರಿ. ಮಾರಿದೆ ಎಂದಿಲ್ಲ, ಎಸೆದೆ ಎಂದಿಲ್ಲ. ಈ ಹದಿನೈದು ವರ್ಷದಲ್ಲಿ ನೀವು ಎಷ್ಟು ಫೋನು ಬದಲಾಯಿಸಿದ್ದೀರಿ? ಅವೆಲ್ಲ ಈಗ ಎಲ್ಲಿವೆ? ನನ್ನವು ಎಲ್ಲಿ ಹೋದವೋ ನನಗೇ ಗೊತ್ತಿಲ್ಲ. ನಿಂತುಹೋದ ವಾಚು ಮಾತ್ರ ಬೀರುವಿನಲ್ಲಿ, ಬಹುಶಃ ರೇಷ್ಮೆ ಸೀರೆಗಳ ಪಕ್ಕದಲ್ಲೇ ಇದೆ. ಹಾಗಾಗಿ ಹುಚ್ಚು ಮಗನಿಗೆ ಮಾತ್ರ ಹಿಡಿದಿದೆ ಅಂತ ನನಗೆ ಅನ್ನಿಸುವುದಿಲ್ಲ.

ಗಡಿಯಾರ ಕೈಗೆ ಬಂದದ್ದು ಹೇಗೆ ಅನ್ನುವುದನ್ನು ಸ್ವಲ್ಪ ನೋಡೋಣ. ನೂರಿಪ್ಪತ್ತು ವರ್ಷಗಳ ಹಿಂದೆ ಯುರೋಪಿನ ಗಂಡಸರು ಗಡಿಯಾರವನ್ನು ಸರಪಳಿಗೆ ಕಟ್ಟಿ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಕೈಗೆ ಕಟ್ಟುವುದು ಹೆಂಗಸರ ಒಡವೆ ಎಂಬ ಭಾವನೆ ಇತ್ತು. ಬ್ರೆಜಿಲ್‌ನಿಂದ ಪ್ಯಾರಿಸ್‌ಗೆ ಬಂದು ವಾಯುನೌಕೆ ಹಾರಿಸುತ್ತಿದ್ದ ಸಾಂಟೋಸ್ ಡ್ಯುಮಾಂಟ್‌ಗೆ ಎರಡೂ ಕೈಗೆ ಪೂರ್ತಿ ಕೆಲಸ. ಕಿಸೆಗೆ ಕೈ ಹಾಕುವ ಹಾಗಿರಲಿಲ್ಲ. 1904ರಲ್ಲಿ ಅವನ ಸ್ನೇಹಿತ, ಒಡವೆ ವ್ಯಾಪಾರಿ ಲೂಯಿ ಕಾರ್ಟಿಯೇ ಅವನಿಗೊಂದು ಕೈಗಡಿಯಾರ ಮಾಡಿಕೊಟ್ಟ. ಹತ್ತು ವರ್ಷದ ಮೇಲೆ ಮೊದಲ ಮಹಾಯುದ್ಧ ಬಂತು. ಒಂದು ಕೈಯಲ್ಲಿ ಬಂದೂಕು, ಇನ್ನೊಂದು ಕೈಯಲ್ಲಿ ಹಗ್ಗವೋ ನಕ್ಷೆಯೋ. ಕಂದಕದಲ್ಲಿ ನಿಂತ ಸೈನಿಕ ಸರಪಳಿ ಎಳೆಯುತ್ತಾ ಕೂರುತ್ತಾನೆಯೇ? ಯುದ್ಧದಿಂದ ಬದುಕಿ ಬಂದವರು ವಾಚು ಕಟ್ಟಿಕೊಂಡೇ ಮನೆಗೆ ಬಂದರು. ಹೆಂಗಸರ ಒಡವೆ ಎಂಬ ಮಾತು ಅಲ್ಲಿಗೆ ನಿಂತಿತು.

ನಾವು ಈಗ ಏನು ಮಾಡಿದ್ದೇವೆ ನೋಡಿ. ಗಡಿಯಾರವನ್ನು ವಾಪಸ್ಸು ಕಿಸೆಗೆ ಹಾಕಿದ್ದೇವೆ. ಸುಮ್ನೆ ಕೂತವರಿಗೆ ಅದರಿಂದ ತೊಂದರೆ ಇಲ್ಲ. ಆದರೆ ಮಳೆಯಲ್ಲಿ ಸ್ಕೂಟರ್ ಓಡಿಸುವವರು, ನಾಡಿ ಹಿಡಿದು ನಿಂತ ನರ್ಸಮ್ಮ, ತುಂಬಿದ ಬಸ್ಸಿನಲ್ಲಿ ಟಿಕೆಟ್ ಹರಿಯುವ ಕಂಡಕ್ಟರ್, ಇವರಿಗೆಲ್ಲ ಕೈ ಬಿಡುವಿಲ್ಲ. ಕಿಸೆಯಿಂದ ತೆಗೆದು, ಬೆರಳು ಒತ್ತಿ, ಬೆಳಕು ಬರುವವರೆಗೆ ಕಾಯುವ ಹೊತ್ತಿಗೆ ನಾಡಿಯ ಲೆಕ್ಕ ತಪ್ಪಿರುತ್ತದೆ.

ನನ್ನದೇ ಕಥೆ ಹೇಳುತ್ತೇನೆ. ಎಂಟು ವರ್ಷ ನಾನೂ ವಾಚು ಬಿಟ್ಟಿದ್ದೆ. ಒಂದು ದಿನ ಹಿರಿಯ ರೈತರೊಬ್ಬರ ಸಂದರ್ಶನಕ್ಕೆ ಕೂತಿದ್ದೆ. ಬಸ್ಸಿಗೆ ಹೊತ್ತಾಯಿತೇನೋ ಅಂತ ಫೋನ್ ತೆಗೆದೆ. ಮೂರು ಮೆಸೇಜು ಬಂದಿದ್ದವು. ಒಂದನ್ನು ಓದಿದೆ, ಇನ್ನೊಂದಕ್ಕೆ ಉತ್ತರ ಕೊಟ್ಟೆ. ತಲೆ ಎತ್ತಿದಾಗ ಅವರು ಮಾತು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. "ಗಂಟೆ ಎಷ್ಟಾಯ್ತು ಸ್ವಾಮಿ?" ಅಂದರು. ನನಗೆ ಗೊತ್ತಿರಲಿಲ್ಲ! ನೋಡಲು ಹೋದದ್ದನ್ನೇ ನೋಡಿರಲಿಲ್ಲ. ಮಾರನೇ ವಾರ ವಾಚು ಕಟ್ಟಿದೆ. ವಾಚು ಸಮಯ ಹೇಳುತ್ತದೆ, ಆಮೇಲೆ ಬಾಯಿ ಮುಚ್ಚಿಕೊಂಡಿರುತ್ತದೆ. ಅದನ್ನು ಬಳಸಲು ನನಗೆ ಈ ಒಂದು ಕಾರಣ ಸಾಕು.

ವಾಚು ನೋಡುವುದೂ ಮರ್ಯಾದೆಯ ಕೆಲಸವೇನಲ್ಲ, ಅದೂ ನಿಜ. ಊಟಕ್ಕೆ ಕೂತಾಗ ನೆಂಟರು ಗಡಿಯಾರ ನೋಡಿದರೆ ನಮಗೆ ಇರಿಸುಮುರಿಸು ಆಗುತ್ತದೆ, ಅಲ್ವಾ? ನಮ್ಮ ಚಿಕ್ಕಮ್ಮ ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದರು. ಅವರ ಕೈಯಲ್ಲಿ ಎಚ್‌ಎಂಟಿ ಸುಜಾತಾ, ತೆಳ್ಳನೆಯ ಕಪ್ಪು ಬೆಲ್ಟು. ಡಯಲ್ಲು ಯಾವಾಗಲೂ ಮಣಿಕಟ್ಟಿನ ಒಳಬದಿಗೆ. ಆ ಕಾಲದ ಬಹಳ ಹೆಂಗಸರು ಹಾಗೇ ಕಟ್ಟುತ್ತಿದ್ದರು. ಗಾಜಿಗೆ ಏಟು ಬೀಳಬಾರದು ಅಂತ ಇರಬಹುದು ಎಂದುಕೊಂಡಿದ್ದೆ. ಕೇಳಿದಾಗ ಚಿಕ್ಕಮ್ಮ ನಕ್ಕರು. "ಟೀಚರ್ರೇ ಗಂಟೆ ನೋಡಿದ್ರೆ ಹುಡುಗ್ರು ಚೀಲ ಕಟ್ಟೋಕೆ ಶುರು ಮಾಡ್ತವೆ ಕಣೋ. ಹೀಗಾದ್ರೆ ಪುಸ್ತಕ ಹಿಡ್ಕೊಂಡೇ ನೋಡ್ಬಹುದು, ಯಾರಿಗೂ ಗೊತ್ತಾಗಲ್ಲ." ಬೆಳಿಗ್ಗೆ ಆಕಾಶವಾಣಿ ವಾರ್ತೆಗೆ ಮುಂಚೆ ಬರುವ ಪಿಪ್ ಪಿಪ್ ಸದ್ದಿಗೆ ಅವರು ಮುಳ್ಳು ತಿದ್ದಿ, ಕೀಲಿ ಕೊಟ್ಟು, ಆಮೇಲೆ ಕಾಫಿ ಲೋಟ ಮುಟ್ಟುತ್ತಿದ್ದರು.

ಸುಜಾತಾ, ಜನತಾ, ಪೈಲಟ್, ಸೋನಾ, ಕಾಂಚನ್. ಈ ಹೆಸರುಗಳನ್ನು ನಿಮಗೆ ನಾನು ಪರಿಚಯ ಮಾಡಿಕೊಡಬೇಕಿಲ್ಲ. ಆದರೆ ನಿಮ್ಮ ಮಗನಿಗೆ ನೀವು ಹೇಳಿದ್ದೀರಾ? 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿಯ ವಾಚು ಕಾರ್ಖಾನೆ ಶುರುವಾಯಿತು. ಮೊದಲ ವಾಚುಗಳನ್ನು ಪ್ರಧಾನಿ ನೆಹರೂ ಬಿಡುಗಡೆ ಮಾಡಿದರು. ಅದಕ್ಕೂ ಮುಂಚೆ ಕೈಗಡಿಯಾರ ಅಂದರೆ ಸ್ವಿಸ್ ಮಾಲು, ಉಳ್ಳವರ ಮಾತು. ಮೇಷ್ಟ್ರು, ಗುಮಾಸ್ತರು, ಲೈನ್‌ಮನ್‌ಗಳ ಕೈಗೆ ವಾಚು ಬಂದದ್ದು ಜಾಲಹಳ್ಳಿಯಿಂದ. ಕುರುಡರು ಬೆರಳಿನಿಂದ ಮುಟ್ಟಿ ಸಮಯ ತಿಳಿಯುವಂಥ ಬ್ರೈಲ್ ವಾಚನ್ನೂ ಅಲ್ಲಿ ಮಾಡಿದರು. ಮುಚ್ಚಳ ಎತ್ತಿ ಮುಳ್ಳನ್ನೇ ಮುಟ್ಟಿ ನೋಡುವ ವಾಚು ಅದು. ನನ್ನ ಪ್ರಕಾರ ಎಚ್‌ಎಂಟಿ ಮಾಡಿದ ಕೆಲಸಗಳಲ್ಲೆಲ್ಲ ಅದೇ ದೊಡ್ಡದು. ಲಾಲ್‌ಬಾಗ್‌ನ ಹೂವಿನ ಗಡಿಯಾರ ಕೂಡ ಅವರದ್ದೇ.

ನಿಮ್ಮ ಜಿಲ್ಲೆಯ ತುಮಕೂರಿನಲ್ಲೂ ಕಾರ್ಖಾನೆ ಬಂತು. ಬಸ್ಸಿನಲ್ಲಿ ಅದರ ಮುಂದೆ ನೀವು ಎಷ್ಟು ಸಲ ಹೋಗಿಲ್ಲ! ಮುಂದಿನದು ಗೊತ್ತಿರುವ ಕಥೆ. 1987ರಲ್ಲಿ ಹೊಸೂರಿನಿಂದ ಟೈಟನ್ ಬಂತು. ತೆಳ್ಳಗೆ, ಚೆಂದ, ಕೀಲಿಯ ರಗಳೆ ಇಲ್ಲ. ಎಚ್‌ಎಂಟಿಯೂ ಕ್ವಾರ್ಟ್ಸ್ ಮಾಡುತ್ತಿತ್ತು, ಆದರೆ ಜನರ ಮನಸ್ಸು ಹೊಸೂರಿನ ಕಡೆ ಹೊರಳಿಯಾಗಿತ್ತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ತುಮಕೂರಿನ ಜಾಗ ಇಸ್ರೋಗೆ ಹೋಯಿತು.

ತಮಾಷೆ ಎಂದರೆ, ಕಾರ್ಖಾನೆ ಮುಚ್ಚಲು ಒಪ್ಪಿದ ಮರು ತಿಂಗಳೇ ನಮ್ಮ ರಾಜಕೀಯವೆಲ್ಲ ಒಂದು ವಾಚಿನ ಸುತ್ತ ಗಿರಗಿರ ತಿರುಗಿತು. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರ ಕೈಯಲ್ಲಿದ್ದ ಹ್ಯೂಬ್ಲೋ ಎಂಬ ದುಬಾರಿ ಸ್ವಿಸ್ ವಾಚಿನ ಬೆಲೆ ಎಷ್ಟು, ಕೊಟ್ಟವರು ಯಾರು ಅಂತ ಸದನದ ಒಳಗೂ ಹೊರಗೂ ಗಲಾಟೆ. ಸ್ನೇಹಿತರು ಕೊಟ್ಟ ಉಡುಗೊರೆ ಎಂದು ಅವರು ಹೇಳಿದರು. ಕೊನೆಗೆ ಮಾರ್ಚ್‌ನಲ್ಲಿ ಅದನ್ನು ಸ್ಪೀಕರ್ ಕೈಗೆ ಒಪ್ಪಿಸಿದರು. ಕಾರ್ಖಾನೆ ಮುಚ್ಚಿದ್ದಕ್ಕೆ ಅದರ ಕಾಲು ಭಾಗ ಸದ್ದು ಆಗಲಿಲ್ಲ ಅನ್ನುವುದು ನನ್ನ ಹಳೇ ಬೇಜಾರು.

ಆದರೆ ಆ ಗಲಾಟೆಯಲ್ಲಿ ನಿಮ್ಮ ಪ್ರಶ್ನೆಗೆ ಒಂದು ಉತ್ತರವೂ ಇದೆ. ವಾಚು ಸುಮ್ಮನೆ ಸಮಯ ತೋರಿಸುವ ಸಾಮಾನಾಗಿದ್ದರೆ ಯಾರೂ ಅದರ ಬಗ್ಗೆ ಸದನದಲ್ಲಿ ಕೂಗಾಡುತ್ತಿರಲಿಲ್ಲ. ಗಂಡಸರಿಗೆ ನಾಲ್ಕು ಜನರ ಮುಂದೆ ಹಾಕಿಕೊಳ್ಳಲು ಇರುವ ಒಡವೆಯೇ ಕಡಿಮೆ. ಉಂಗುರ ಬಿಟ್ಟರೆ ವಾಚು. ಲಕ್ಷಗಟ್ಟಲೆ ಸುರಿದು ಸ್ವಿಸ್ ವಾಚು ಕೊಳ್ಳುವವರು ಸಮಯಕ್ಕಾಗಿ ಕೊಳ್ಳುವುದಿಲ್ಲ, ಅಂಗಿಯ ತೋಳು ಮೇಲೇರಿದಾಗ ಕಾಣಲಿ ಅಂತ ಕೊಳ್ಳುತ್ತಾರೆ. ಅದರಲ್ಲಿ ತಪ್ಪಿದೆ ಅಂತ ನಾನು ಹೇಳುವುದಿಲ್ಲ, ನನಗೆ ಅದರ ಮೇಲೆ ಆಸಕ್ತಿಯೂ ಇಲ್ಲ. ನಿಮ್ಮ ಮಾವನವರು ಕಾಂಚನ್ ಕೊಟ್ಟಾಗಲೂ ಸ್ವಲ್ಪ ಅದೇ ಲೆಕ್ಕ ಇತ್ತು ಎನ್ನಬೇಕು. ಅಳಿಯನಿಗೆ ಬರೀ ವಾಚಲ್ಲ, ಕಾಂಚನ್ ಹಾಕಿದ್ದಾರಂತೆ ಅಂತ ಛತ್ರದಲ್ಲಿ ಎಷ್ಟು ಜನ ಮಾತಾಡಿಕೊಂಡಿರಬೇಡ!

ಮಗನ ಜನತಾ ಆ ಜಾತಿಗೆ ಸೇರಿದ್ದಲ್ಲ. ಮೂರು ಸಾವಿರದ ವಾಚಿನಿಂದ ಬೆಂಗಳೂರಿನ ಐಟಿ ಕಚೇರಿಯಲ್ಲಿ ಯಾರನ್ನೂ ಹೆದರಿಸಲು ಆಗುವುದಿಲ್ಲ. ಹಾಗಾದರೆ ಅವನಿಗೆ ಅದರಲ್ಲಿ ಏನು ಸಿಕ್ಕಿತು? ಒಂದು ಸಲ ಹಿಂದಿನ ಮುಚ್ಚಳ ಬಿಚ್ಚಿಸಿ ನೀವೇ ನೋಡಿ. ಕೀಲಿ ಕೊಟ್ಟಾಗ ಒಂದು ಉಕ್ಕಿನ ಪಟ್ಟಿ ಸುರುಳಿ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳಲು ನೋಡುತ್ತದೆ, ಹಲ್ಲಿನ ಚಕ್ರಗಳನ್ನು ತಳ್ಳುತ್ತದೆ. ಒಂದೇ ಸಲಕ್ಕೆ ಬಿಚ್ಚಿಹೋಗದಂತೆ ಒಂದು ಪುಟ್ಟ ಕವಲು ತಡೆ ಹಾಕಿ, ಬಿಟ್ಟು, ಮತ್ತೆ ತಡೆಯುತ್ತದೆ. ಆ ತಡೆಗೆ ತಾಳ ಹಾಕುವುದು ಕೂದಲೆಳೆಯಂಥ ಸ್ಪ್ರಿಂಗ್ ಇರುವ ಬ್ಯಾಲೆನ್ಸ್ ವೀಲ್. ಅದು ಅತ್ತ ಇತ್ತ ಆಡುತ್ತಲೇ ಇರುತ್ತದೆ. ಸೆಕೆಂಡಿಗೆ ಐದು ಟಿಕ್, ಗಂಟೆಗೆ 18,000. ದಿನಕ್ಕೆ ಎಷ್ಟಾಯಿತು? 4,32,000. ಬೆಳಿಗ್ಗೆ ಅರ್ಧ ನಿಮಿಷ ಬೆರಳಿನಿಂದ ತಿರುಗಿಸಿದ್ದಕ್ಕೆ ಇಷ್ಟು ಕೆಲಸ. ಕರೆಂಟಿಲ್ಲ, ಚಾರ್ಜರ್ ಇಲ್ಲ, ಪಾಸ್‌ವರ್ಡ್ ಇಲ್ಲ.

ಡಯಲ್ ಮೇಲೆ '17 ಜ್ಯುವೆಲ್ಸ್' ಅಂತ ಬರೆದಿರುವುದನ್ನು ನೋಡಿ ನಮ್ಮೂರಿನ ಒಬ್ಬರು ಒಳಗೆ ಹದಿನೇಳು ವಜ್ರ ಇದೆ ಎಂದುಕೊಂಡಿದ್ದರು. ಮಗಳ ಮದುವೆಗೆ ಬೇಕಾದರೆ ತೆಗೆಸೋಣ ಎಂದೂ ಹೇಳುತ್ತಿದ್ದರು. ಅವು ಕಾರ್ಖಾನೆಯಲ್ಲಿ ಮಾಡಿದ ಮಾಣಿಕ್ಯದ ಹರಳುಗಳು. ಚಕ್ರದ ಅಚ್ಚು ಸವೆಯಬಾರದು ಅಂತ ತುದಿಯಲ್ಲಿ ಕೂರಿಸಿರುತ್ತಾರೆ. ಕಾಸಿನ ಲೆಕ್ಕದಲ್ಲಿ ಅವಕ್ಕೆ ಏನೂ ಇಲ್ಲ. ಆದರೆ ಐವತ್ತು ವರ್ಷದ ಹಳೇ ಜನತಾ ಇವತ್ತೂ ಓಡುವುದು ಅವುಗಳಿಂದಲೇ.

ನಿಮ್ಮ ಮಗ ಹಗಲೆಲ್ಲ ಕಣ್ಣಿಗೆ ಕಾಣದ ಸಾಮಾನಿನ ಜೊತೆ ಕೆಲಸ ಮಾಡುವವನು. ಅವನು ಬರೆದ ಪ್ರೋಗ್ರಾಂ ಎಲ್ಲೋ ದೂರದ ಕಂಪ್ಯೂಟರಿನಲ್ಲಿ ಓಡುತ್ತದೆ, ಎರಡು ವರ್ಷಕ್ಕೆ ಹಳತಾಗುತ್ತದೆ. ಅವನ ಫೋನು ಕೆಟ್ಟರೆ ಬಿಚ್ಚಿ ನೋಡುವ ಹಾಗಿಲ್ಲ. ಜನತಾ ಕೆಟ್ಟರೆ ಬಸ್‌ಸ್ಟ್ಯಾಂಡ್ ಪಕ್ಕದ ಗೂಡಂಗಡಿಯಲ್ಲಿ ಒಬ್ಬರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮುಟ ಹಿಡಿದು, ಅವನ ಕಣ್ಣೆದುರೇ ಸರಿ ಮಾಡಿಕೊಡುತ್ತಾರೆ. ಏನು ಕೆಟ್ಟಿತ್ತು ಅಂತ ತೋರಿಸುತ್ತಾರೆ ಕೂಡ. ಅವನು ಇಷ್ಟಪಟ್ಟಿದ್ದು ಇದನ್ನೇ ಇರಬೇಕು ಎಂದು ನನ್ನ ಊಹೆ. ನೀವು ಅವನನ್ನೇ ಒಂದು ಸಲ ಕೇಳಿದರೆ ಒಳ್ಳೆಯದಿತ್ತು, ನನಗೆ ಬರೆಯುವ ಮೊದಲು.

ಹೆಜ್ಜೆ ಎಣಿಸುವ, ಎದೆಬಡಿತ ನೋಡುವ ಸ್ಮಾರ್ಟ್ ವಾಚು ತಗೋಬಹುದಿತ್ತಲ್ಲ ಅಂತಲೂ ನೀವು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ತಗೊಳ್ಳಲಿ, ಬೇಡ ಅನ್ನುವುದಿಲ್ಲ. ನಿಮ್ಮ ನಮ್ಮ ವಯಸ್ಸಿಗೆ ಅದು ಉಪಯೋಗಕ್ಕೂ ಬರಬಹುದು. ಆದರೆ ಅದು ವಾಚಿನ ವೇಷ ಹಾಕಿದ ಫೋನು. ಕೈಯಲ್ಲಿ ಕೂತು ಜುಂಯ್ ಎನ್ನುತ್ತಲೇ ಇರುತ್ತದೆ.

ಈಗ ಒಂದು ಎಚ್ಚರಿಕೆ. ನಿಮ್ಮ ಪತ್ರದಲ್ಲಿ 'ಗಿಳಿಹಸಿರು ಡಯಲ್ಲು' ಎಂದು ಓದಿದಾಗ ನನಗೆ ಸ್ವಲ್ಪ ಅನುಮಾನ ಬಂತು. ಹಳೇ ಎಚ್‌ಎಂಟಿಗೆ ಗಿರಾಕಿ ಜಾಸ್ತಿಯಾದ ಮೇಲೆ, ಸವೆದ ಡಯಲ್‌ಗೆ ಹೊಸ ಬಣ್ಣ ಬಳಿದು, ಎರಡು ಮೂರು ವಾಚಿನ ಬಿಡಿಭಾಗ ಸೇರಿಸಿ ಮಾರುವವರು ಹುಟ್ಟಿಕೊಂಡಿದ್ದಾರೆ. ನಾನೂ ಹಾಗೆ ಮೋಸ ಹೋದವನೇ. ಪೈಲಟ್ ಅಂತ ತರಿಸಿದೆ. ಹೊರಗೆ ಕರಿ ಡಯಲ್ಲು ಫಳಫಳ. ಒಳಗಿನ ಮಷಿನ್ ಒಂದು ಮಾಡೆಲ್ಲಿನದು, ಮುಚ್ಚಳ ಇನ್ನೊಂದರದ್ದು, ಮುಳ್ಳುಗಳು ಯಾವುದರದ್ದೋ. ಓಡುತ್ತದೆ, ಅದು ಬೇರೆ ಮಾತು. ಮಗನಿಗೆ ಹೇಳಿ, ರಿಪೇರಿಯವರ ಹತ್ತಿರ ಮುಚ್ಚಳ ತೆಗೆಸಿ ಒಳಗಿನ ಗುರುತು ನೋಡಲಿ. ಡಯಲ್ಲಿನ ಅಕ್ಷರಗಳು ಭೂತಗನ್ನಡಿಯಲ್ಲಿ ಚೂಪಾಗಿ ಕಾಣಬೇಕು. ಕಲೆಸಿದಂತೆ, ಹರಡಿದಂತೆ ಇದ್ದರೆ ಅದು ಆಮೇಲೆ ಬಳಿದದ್ದು. ಅಸಲಿ ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸವಾಗಬೇಕಾದರೆ ಜಾಲಹಳ್ಳಿಯಲ್ಲಿ ಎಚ್‌ಎಂಟಿಯ ಮ್ಯೂಸಿಯಂ ಇದೆ, 2019ರಲ್ಲಿ ತೆರೆದದ್ದು. ಭಾನುವಾರ ಮನೆಯಲ್ಲಿ ಮಲಗುವ ಬದಲು ಅಲ್ಲಿಗೆ ಹೋಗಿ ಬರಲಿ. ನೀವು ಬೆಂಗಳೂರಿಗೆ ಹೋದಾಗ ನಿಮ್ಮನ್ನೂ ಕರೆದುಕೊಂಡು ಹೋಗಲಿ.

ನಿಮ್ಮ ಕಾಂಚನ್ ಬಗ್ಗೆ. ಅದು ಆಟೋಮ್ಯಾಟಿಕ್, ಕೈ ಆಡಿದರೆ ತಾನೇ ಕೀಲಿ ತುಂಬಿಕೊಳ್ಳುತ್ತದೆ. ಈ ಉತ್ತರ ಓದಿದ ಕೂಡಲೇ ಬೀರು ತೆಗೆದು, ಅಲ್ಲಾಡಿಸಿ ಓಡಿಸಲು ಹೋಗಬೇಡಿ. ಹದಿನೈದು ವರ್ಷದಲ್ಲಿ ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ. ಹಾಗೇ ಓಡಿಸಿದರೆ ಚಕ್ರದ ಅಚ್ಚು ಸವೆಯುತ್ತದೆ. ಪೂರ್ತಿ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಿಕೊಡಿ ಅಂತ ಹೇಳಿ. ಬರೀ ಎಣ್ಣೆ ಬಿಟ್ಟು ಕೊಟ್ಟರೆ ಒಪ್ಪಬೇಡಿ. ಡಯಲ್ಲು ಮಾಸಿದ್ದರೆ ಮಾಸಿರಲಿ, ಬಣ್ಣ ಹೊಡೆಸಬೇಡಿ. ಬಂದ ಮೇಲೆ ಒಂದು ವಾರ ಕಟ್ಟಿಕೊಂಡು ಓಡಾಡಿ, ದಿನಾ ಫೋನಿನ ಜೊತೆ ತಾಳೆ ನೋಡಿ. ದಿನಕ್ಕೆ ಅರ್ಧ ನಿಮಿಷ ಮುಂದೆ ಹೋದರೆ ಹೋಗಲಿ ಬಿಡಿ. ಐದು ನಿಮಿಷ ಹಿಂದೆ ಬಿದ್ದರೆ ನನಗೊಂದು ಕಾರ್ಡು ಬರೆಯಿರಿ, ನನ್ನ ಪೈಲಟ್ ರಿಪೇರಿ ಮಾಡಿದವರ ವಿಳಾಸ ಕಳಿಸುತ್ತೇನೆ. ಅವರ ಹತ್ತಿರ ಮಾತ್ರ ಅವಸರ ಮಾಡುವ ಹಾಗಿಲ್ಲ. ಅಂಗಡಿಯಲ್ಲಿ ನಲವತ್ತು ಗಡಿಯಾರ ಇವೆ, ಒಂದೂ ಇನ್ನೊಂದರ ಜೊತೆ ಹೊಂದುವುದಿಲ್ಲ.

- ಸಂಪಾದಕ